ಹಳದಿ ಶಂಖ, ಕೆಂಪು ಸ್ಫಟಿಕ

ಬೆಂಗಳೂರಿನ ಚಿಕ್ಕಲಸಂದ್ರದ ಛತ್ರವೊಂದರಲ್ಲಿ ಧಾರೆಯ ಹೊತ್ತಿಗೆ ಮಂಟಪದ ಮೇಲೆ ನಾಲ್ಕು ಬಗೆಯ ಬೆಳಕು ಬೀಳಬಹುದು. ಕಿಟಕಿಯಿಂದ ಬರುವ ಹಗಲಿನ ಬೆಳಕಿನ ವರ್ಣತಾಪ ಸುಮಾರು 5,600 ಕೆಲ್ವಿನ್, ಹ್ಯಾಲೊಜೆನ್ ದೀಪದ್ದು 3,200, ಆರತಿಯ ಬತ್ತಿಯದು 1,900ರ ಆಸುಪಾಸು. ಇವುಗಳ ಮೇಲೆ ಅಲಂಕಾರದ ಎಲ್‌ಇಡಿ ಬೇರೆ. ನೆರೆದವರಿಗೆ ಇದರಿಂದ ತೊಡಕೇನೂ ಇಲ್ಲ. ಬೆಳಕು ಬದಲಾದಂತೆ ಕಣ್ಣೂ ಮನಸ್ಸೂ ಹೊಂದಿಕೊಂಡು ವರನ ಪಂಚೆಯನ್ನು ಬಿಳಿಯೆಂದೇ ಕಾಣುತ್ತವೆ. ಮಿರರ್‌ಲೆಸ್ ಕ್ಯಾಮೆರಾ ಹಾಗೆ ಹೊಂದಿಕೊಳ್ಳಲಾರದು. ಅದೇ ಪಂಚೆ ಒಂದು ದೃಶ್ಯದಲ್ಲಿ ಹಳದಿ, ಇನ್ನೊಂದರಲ್ಲಿ ನೀಲಿ. ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ, ಅಂದರೆ ವೈಟ್ ಬ್ಯಾಲೆನ್ಸ್, ಆಟೊದಲ್ಲಿದ್ದರೆ ಒಂದೇ ದೃಶ್ಯದ ನಡುವೆಯೇ ಬಣ್ಣ ಜಾರುತ್ತದೆ. ಅದನ್ನು ಎಡಿಟಿಂಗ್‌ನಲ್ಲಿ ತಿದ್ದಬೇಕಾಗುತ್ತದೆ. ಬರೀ ಕಸುಬಿನದೆಂದು ತೋರುವ ಈ ಕೆಲಸದ ಒಳಗೆ ಬಹಳ ಹಳೆಯ ಪ್ರಶ್ನೆಯೊಂದಿದೆ: ವಸ್ತುವಿಗೆ ನಿಜವಾದ ಬಣ್ಣ ಎಂಬುದು ಇದೆಯೇ? ಇದ್ದರೆ, ಕ್ಯಾಮೆರಾ ಕಂಡದ್ದನ್ನು ಬದಲಿಸುವವರು ಸತ್ಯಕ್ಕೆ ಹತ್ತಿರವಾಗುತ್ತಾರೋ ಅದರಿಂದ ದೂರವಾಗುತ್ತಾರೋ? ತಿದ್ದುವುದು ಸುಳ್ಳಲ್ಲ, ಆದರೆ ತಿದ್ದಿದ್ದೆಲ್ಲ ಸತ್ಯವೂ ಅಲ್ಲ, ಎರಡರ ನಡುವೆ ಗೆರೆ ಎಳೆಯಲು ಬೇಕಾದ ವಿಚಾರ ನಮ್ಮ ದರ್ಶನಗಳಲ್ಲೇ ಇದೆ ಎಂಬುದು ನನ್ನ ವಾದ.

ಪಕ್ಕದ ಕತ್ರಿಗುಪ್ಪೆಯಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರು 1956ರಲ್ಲಿ ಸ್ಥಾಪಿಸಿದ ಪೂರ್ಣಪ್ರಜ್ಞ ವಿದ್ಯಾಪೀಠವಿದೆ. ಅಂಥ ವಿದ್ಯಾಪೀಠಗಳಲ್ಲಿ ಪಾಠವಾಗುವ ನ್ಯಾಯ, ವೇದಾಂತ ಶಾಸ್ತ್ರಗಳಲ್ಲಿ ಎರಡು ದೃಷ್ಟಾಂತಗಳು ಮತ್ತೆ ಮತ್ತೆ ಬರುತ್ತವೆ. ಒಂದು, ಕಾಮಾಲೆಯಾದವನಿಗೆ ಹಳದಿಯಾಗಿ ಕಾಣುವ ಶಂಖ. ಇನ್ನೊಂದು, ದಾಸವಾಳದ ಪಕ್ಕದಲ್ಲಿಟ್ಟಾಗ ಕೆಂಪಾಗಿ ಕಾಣುವ ಸ್ಫಟಿಕ. ನೈಯಾಯಿಕರ ಪ್ರಕಾರ ಬಣ್ಣ ದ್ರವ್ಯದಲ್ಲೇ ಇರುವ ಗುಣ. ಅನ್ನಂಭಟ್ಟನ ತರ್ಕಸಂಗ್ರಹ ಅದರಲ್ಲಿ ಏಳು ಬಗೆಗಳನ್ನು ಎಣಿಸುತ್ತದೆ. ಮಧ್ವಮತದಲ್ಲಿ ಪ್ರತ್ಯಕ್ಷವೆಂದರೆ ದೋಷವಿಲ್ಲದ ಇಂದ್ರಿಯವು ದೋಷವಿಲ್ಲದ ವಿಷಯವನ್ನು ಸೇರುವುದು. ಈ ‘ದೋಷವಿಲ್ಲದ’ ಎಂಬ ಷರತ್ತಿನಲ್ಲೇ ನಮಗೆ ಬೇಕಾದ ವಿವೇಕವಿದೆ. ಕಾಮಾಲೆ ವಾಸಿಯಾದ ಮೇಲೆ ಶಂಖ ಬಿಳಿಯೆಂದು ಒಪ್ಪುವವನು ತನ್ನ ಹಿಂದಿನ ಅನುಭವಕ್ಕೆ ದ್ರೋಹ ಮಾಡುವುದಿಲ್ಲ. ಪಿತ್ತದ ಪಾಲನ್ನು ಪಿತ್ತಕ್ಕೆ, ಶಂಖದ ಪಾಲನ್ನು ಶಂಖಕ್ಕೆ ಕೊಡುತ್ತಾನೆ, ಅಷ್ಟೆ. ಹಗಲಿಗೆಂದು ಹೊಂದಿಸಿದ ಕ್ಯಾಮೆರಾ ಹ್ಯಾಲೊಜೆನ್ ಬೆಳಕಿನಲ್ಲಿ ಪಂಚೆಯನ್ನು ಹಳದಿ ಮಾಡಿದಾಗ ಕೆಲ್ವಿನ್ ಅಂಕಿಯನ್ನು ಸರಿಪಡಿಸುವುದೂ ಅದೇ ಬಗೆಯ ನ್ಯಾಯವಾದ ಹಂಚಿಕೆ.

ಇದಕ್ಕೆ ಮೊದಲ ಆಕ್ಷೇಪ ಸುಲಭವಾಗಿ ಊಹಿಸಬಹುದಾದದ್ದು. ಯಂತ್ರಕ್ಕೆ ರಾಗದ್ವೇಷಗಳಿಲ್ಲ, ಅದು ಕೊಟ್ಟದ್ದೇ ಸಾಕ್ಷ್ಯ, ಕೈಯಾಡಿಸಿದ್ದೆಲ್ಲ ಕಲ್ಪನೆ ಎನ್ನುವವರಿದ್ದಾರೆ. ಯಂತ್ರದ ಒಳಗು ಈ ಮಾತನ್ನು ಬೆಂಬಲಿಸುವುದಿಲ್ಲ. ಬಹುತೇಕ ಮಿರರ್‌ಲೆಸ್ ಕ್ಯಾಮೆರಾಗಳ ಸೆನ್ಸರ್ ಮೇಲೆ ಇರುವುದು ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಫಿಲ್ಟರುಗಳ ಜಾಲ. ಅದರಲ್ಲಿ ಅರ್ಧದಷ್ಟು ಬಿಂದುಗಳು ಹಸಿರನ್ನು, ಕಾಲುಭಾಗ ಕೆಂಪನ್ನು, ಕಾಲುಭಾಗ ನೀಲಿಯನ್ನು ಅಳೆಯುತ್ತವೆ. ಪ್ರತಿ ಬಿಂದುವಿಗೂ ಸಿಗುವುದು ಒಂದೇ ಬಣ್ಣದ ಅಳತೆ. ಉಳಿದೆರಡನ್ನು ಅಕ್ಕಪಕ್ಕದ ಬಿಂದುಗಳಿಂದ ಲೆಕ್ಕ ಹಾಕಿ ತುಂಬಲಾಗುತ್ತದೆ. ಶಾಸ್ತ್ರದ ಮಾತಿನಲ್ಲಿ, ಚಿತ್ರದ ಬಣ್ಣದಲ್ಲಿ ಮೂರರಲ್ಲೊಂದು ಪಾಲು ಪ್ರತ್ಯಕ್ಷ, ಎರಡು ಪಾಲು ಅನುಮಾನ, ಅಂದರೆ ತರ್ಕದಿಂದ ತಿಳಿದದ್ದು. ಆಮೇಲೆ ಕಡತ ಚಿಕ್ಕದಾಗಲೆಂದು 4:2:0 ಪದ್ಧತಿಯಲ್ಲಿ ನಾಲ್ಕು ಬಿಂದುಗಳಿಗೆ ಒಂದೇ ಬಣ್ಣದ ಮಾಹಿತಿ ಉಳಿಯುತ್ತದೆ. ಇನ್ನು ಎಸ್-ಲಾಗ್, ವಿ-ಲಾಗ್‌ನಂಥ ಲಾಗ್ ವಿಧಾನದಲ್ಲಿ ತೆಗೆದ ವಿಡಿಯೊ ಬೂದು ಕವಿದಂತೆ ಮಂಕಾಗಿರುತ್ತದೆ. ನೆರಳಿನ ವಿವರವೂ ಬೆಳಕಿನ ವಿವರವೂ ಕೈತಪ್ಪದಿರಲೆಂದು ಅದನ್ನು ಹಾಗೆ ಬರೆದಿಡಲಾಗುತ್ತದೆ. ಆ ಮಂಕು ಛತ್ರದಲ್ಲಿ ಕೂತಿದ್ದ ಯಾರೂ ಕಂಡದ್ದಲ್ಲ. ಮುಟ್ಟದೆ ಬಿಟ್ಟ ಬಣ್ಣವೇ ಸತ್ಯ ಎನ್ನುವವರು ವಾಸ್ತವದಲ್ಲಿ ಕ್ಯಾಮೆರಾ ತಯಾರಕರ ನಿರ್ಧಾರಗಳನ್ನು ವಿಚಾರಿಸದೆ ಒಪ್ಪುತ್ತಿದ್ದಾರೆ.

ಎರಡನೆಯ ಆಕ್ಷೇಪ ಇದಕ್ಕೆ ತದ್ವಿರುದ್ಧ. ಎಲ್ಲವೂ ನಿರ್ಧಾರವೇ ಆದರೆ ಸತ್ಯ ಎಲ್ಲಿ ಉಳಿಯಿತು? ಅವರವರ ಅಭಿರುಚಿಯೇ ಪ್ರಮಾಣವಾಗಲಿ ಎನ್ನಬಹುದಲ್ಲ? ಇದೂ ನಿಲ್ಲದು, ಏಕೆಂದರೆ ಬಣ್ಣಕ್ಕೆ ಪರೀಕ್ಷೆ ಇದೆ. ಶೇ. 18ರಷ್ಟು ಬೆಳಕನ್ನು ಹಿಂದಿರುಗಿಸುವ ಗ್ರೇ ಕಾರ್ಡನ್ನು ವಧುವಿನ ಮುಖದ ಬಳಿ ಹಿಡಿದು ವೈಟ್ ಬ್ಯಾಲೆನ್ಸ್ ನಿಲ್ಲಿಸಿದರೆ ಎಲ್ಲರೂ ಒಪ್ಪಬಹುದಾದ ಒಂದು ಆಧಾರ ಸಿಗುತ್ತದೆ. ಕಾರ್ಡಿಗೆ ತನ್ನದೆಂಬ ಬಣ್ಣವಿಲ್ಲ; ಅದರ ಮೇಲೆ ಕಂಡ ಬಣ್ಣವೆಲ್ಲ ಬೆಳಕಿನದು ಅಥವಾ ಕ್ಯಾಮೆರಾದ್ದು. ದೋಷವನ್ನು ಹೀಗೆ ಅಳೆಯಬಹುದಾದ್ದರಿಂದಲೇ ಅದನ್ನು ಕಳೆಯಲೂ ಬಹುದು. ಅಳತೆಯ ಆಧಾರವಿಲ್ಲದೆ ಬಣ್ಣ ಕೊಡುವುದು ಬೇರೆಯೇ ಕೆಲಸ. 1965ರ ಕಪ್ಪುಬಿಳುಪು ‘ಸತ್ಯ ಹರಿಶ್ಚಂದ್ರ’ ಚಿತ್ರ 2008ರಲ್ಲಿ ವರ್ಣದಲ್ಲಿ ಮತ್ತೆ ಬಿಡುಗಡೆಯಾಯಿತು. ಕಪ್ಪುಬಿಳುಪು ಫಿಲ್ಮಿನಲ್ಲಿ ಬೆಳಕಿನ ಹೆಚ್ಚುಕಡಿಮೆ ಉಳಿದಿರುತ್ತದೆ, ಬಟ್ಟೆ ಕೆಂಪೋ ಹಸಿರೋ ಎಂಬುದು ಉಳಿದಿರುವುದಿಲ್ಲ. ಹಾಗಾಗಿ ಆ ಬಣ್ಣಗಳು ಹೊಸದಾಗಿ ಕೊಟ್ಟವು. ಹೊಸದಾಗಿ ಕೊಟ್ಟದ್ದೆಂದು ಎಲ್ಲರಿಗೂ ತಿಳಿದಿದ್ದುದರಿಂದ ಅದು ವಂಚನೆಯಲ್ಲ, ಅಲಂಕಾರ. ದೋಷ ಕಳೆಯುವುದು ಒಂದು, ಗುಣ ಹೇರುವುದು ಇನ್ನೊಂದು. ಹೇರಿದ್ದನ್ನು ಕಂಡದ್ದೆಂದು ಹೇಳಿದಾಗ ಮಾತ್ರ ಸುಳ್ಳು ಹುಟ್ಟುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಬೆಳಕಿನ ಬಣ್ಣವನ್ನೆಲ್ಲ ದೋಷವೆಂದು ಕಳೆದರೆ ಆರತಿಯ ಹೊಂಬಣ್ಣವೂ ಹೋಗುತ್ತದಲ್ಲ? ಇಲ್ಲಿ ಸ್ಫಟಿಕದ ದೃಷ್ಟಾಂತ ನೆರವಿಗೆ ಬರುತ್ತದೆ. ಶಂಖದ ಹಳದಿ ನೋಡುವವನ ರೋಗದಿಂದ ಬಂದದ್ದು. ಸ್ಫಟಿಕದ ಕೆಂಪು ಹಾಗಲ್ಲ. ಅದು ಪಕ್ಕದಲ್ಲಿ ನಿಜವಾಗಿಯೂ ಇರುವ ಹೂವಿನದು. ಕೆಂಪು ಸ್ಫಟಿಕದ್ದೇ ಎಂದುಕೊಂಡರೆ ತಪ್ಪು, ಹೂವೇ ಇಲ್ಲವೆಂದರೂ ತಪ್ಪು. ಆರತಿಯ ಬೆಳಕು ಪಿತ್ತವಲ್ಲ, ದಾಸವಾಳ. ಅದು ಆ ಗಳಿಗೆಯ ಭಾಗವಾಗಿ ಅಲ್ಲಿ ಇತ್ತು. ನಮ್ಮ ಕಣ್ಣು ಕೂಡ ಹಣತೆಯ ಬೆಳಕಿಗೆ ಪೂರ್ತಿ ಹೊಂದಿಕೊಳ್ಳುವುದಿಲ್ಲ; ಬಿಳಿ ಬಟ್ಟೆಯನ್ನು ಬಿಳಿಯೆಂದು ಗುರುತಿಸುತ್ತಲೇ ಅದರ ಮೇಲಿನ ಹೊಂಬಣ್ಣವನ್ನೂ ಕಾಣುತ್ತದೆ. ಆದ್ದರಿಂದ ಆರತಿಯ ದೃಶ್ಯವನ್ನು ಅಳೆದು ಬೆಳ್ಳಗೆ ಮಾಡುವುದು ಅತಿಶುದ್ಧಿಯ ತಪ್ಪು. ಪೆಂಡಾಲಿನ ಹಸಿರು ಬಟ್ಟೆಯಿಂದ ಮುಖಕ್ಕೆ ಹೊಡೆಯುವ ಛಾಯೆಯದು ಇದೇ ಜಾತಿಯ, ಆದರೆ ಇನ್ನೂ ಸೂಕ್ಷ್ಮವಾದ ಪ್ರಶ್ನೆ. ಅದೂ ಅಲ್ಲಿ ಇದ್ದದ್ದೇ ಹೌದು. ಆದರೆ ಅಲ್ಲಿದ್ದವರ ಮನಸ್ಸು ಅದನ್ನು ಬಟ್ಟೆಯ ಪಾಲಿಗೆ ಬಿಟ್ಟು ಮುಖವನ್ನು ಮುಖವಾಗಿಯೇ ಕಂಡಿತ್ತು. ಪರದೆಯ ಮುಂದೆ ಕೂತವರಿಗೆ ಸುತ್ತಲಿನ ಪೆಂಡಾಲು ಕಾಣದಿದ್ದಾಗ ಆ ಹಸಿರು ಮುಖದ್ದೇ ಆಗಿಬಿಡುತ್ತದೆ. ಅದನ್ನು ತಗ್ಗಿಸುವುದು ನ್ಯಾಯ.

ಈ ವಿವೇಕ ಅತ್ಯಂತ ಅಗತ್ಯವಾಗುವುದು ಮೈಬಣ್ಣದ ವಿಷಯದಲ್ಲಿ. ಕೊಡಾಕ್ ಸಂಸ್ಥೆ ಫೋಟೊ ಪ್ರಿಂಟಿನ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕೊಡುತ್ತಿದ್ದ ‘ಶರ್ಲಿ’ ಕಾರ್ಡಿನಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಮಹಿಳೆಯ ಮುಖ. ಅಳತೆಗೋಲೇ ಒಂದು ಮೈಬಣ್ಣದ ಕಡೆಗೆ ವಾಲಿದ್ದರಿಂದ ಕಪ್ಪು ಮೈಬಣ್ಣದವರ ಮುಖದ ವಿವರಗಳು ಫೋಟೊದಲ್ಲಿ ಅಳಿಸಿಹೋಗುತ್ತಿದ್ದವು. ಬಣ್ಣದ ಛಾಯೆಯನ್ನೂ ಗಾಢತೆಯನ್ನೂ ಅಳೆದು ತೋರಿಸುವ ಇಂದಿನ ವೆಕ್ಟರ್‌ಸ್ಕೋಪ್ ನಮಗೆ ಬೇರೆಯದೇ ಪಾಠ ಹೇಳುತ್ತದೆ. ಎಣ್ಣೆಗಪ್ಪು, ಗೋಧಿ, ಬಿಳಿ ಯಾವ ಮೈಬಣ್ಣವಾದರೂ ಸರಿಯಾಗಿ ಚಿತ್ರಿಸಿದಾಗ ಬಹುಮಟ್ಟಿಗೆ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತದೆ. ಮುಖ್ಯ ವ್ಯತ್ಯಾಸ ಬೆಳಕಿನ ಪ್ರಮಾಣದಲ್ಲಿ ಮತ್ತು ಬಣ್ಣದ ಗಾಢತೆಯಲ್ಲಿ. ಇದರ ಅರ್ಥ ಸ್ಪಷ್ಟ. ಮೈಬಣ್ಣದ ಛಾಯೆಯನ್ನು ಸರಿಪಡಿಸಲು ಯಾರನ್ನೂ ಬೆಳ್ಳಗೆ ಮಾಡಬೇಕಾಗಿಲ್ಲ. ಬೆಳ್ಳಗೆ ಮಾಡಿದಾಗ ಕಳೆದದ್ದು ಕ್ಯಾಮೆರಾದ ದೋಷವಲ್ಲ, ಆ ವ್ಯಕ್ತಿಯ ಗುಣ. ಮನೆಯವರೇ ಹಾಗೆ ಕೇಳುತ್ತಾರೆ, ಅವರ ಸಂತೋಷ ಮುಖ್ಯವಲ್ಲವೇ ಎಂದರೆ, ಕೇಳಿದವರ ಆಸೆ ಪ್ರಮಾಣವಾಗುವುದಿಲ್ಲ. ಕಾಮಾಲೆಯಾದವನು ಎಷ್ಟೇ ಖಚಿತವಾಗಿ ಹೇಳಿದರೂ ಶಂಖ ಹಳದಿಯಾಗದು; ಬಿಳಿಯೇ ಚೆಲುವೆಂಬ ನಂಬಿಕೆ ಇಡೀ ಸಮಾಜದ ಕಣ್ಣಿಗೆ ಹತ್ತಿದ ಕಾಮಾಲೆ. ತಿದ್ದುವ ಸಾಧನ ಬಲವಾದಷ್ಟೂ ಈ ಎಚ್ಚರ ಹೆಚ್ಚು ಅಗತ್ಯ. 10 ಬಿಟ್ ವಿಡಿಯೊ ಪ್ರತಿ ಬಣ್ಣಕ್ಕೆ 1,024 ಮೆಟ್ಟಿಲುಗಳನ್ನು ಕೊಡುತ್ತದೆ, 8 ಬಿಟ್ ಕೊಡುವುದು 256. ಮೆಟ್ಟಿಲು ಹೆಚ್ಚಿದಷ್ಟೂ ಚಿತ್ರ ಒಡೆಯದಂತೆ ತಿದ್ದುವ ಶಕ್ತಿ ಹೆಚ್ಚುತ್ತದೆ, ಆ ಶಕ್ತಿ ಹೆಚ್ಚಿದಷ್ಟೂ ಹೊಣೆಯೂ ಹೆಚ್ಚುತ್ತದೆ. ಒಳ್ಳೆಯ ಬಣ್ಣವೆಂದರೆ ನೋಡುವ ಯಂತ್ರದ ದೋಷ ಕಳೆದು, ಬೆಳಕಿಗೆ ಬೆಳಕಿನ ಪಾಲು ಕೊಟ್ಟು, ಮನುಷ್ಯರನ್ನು ಅವರಿರುವಂತೆಯೇ ಉಳಿಸುವ ಬಣ್ಣ. ಕೆಲ್ವಿನ್ ಅಂಕಿ ಹೊಂದಿಸುವ ಕೈ ಈ ಮೂರನ್ನೂ ಬೇರ್ಪಡಿಸಿ ನೋಡಲು ಕಲಿತರೆ, ಅದು ಮಾಡುವ ಕೆಲಸ ಸರಿಯಾದ ಅರಿವಿನ ಶಾಸ್ತ್ರವಾದ ಪ್ರಮಾಣಶಾಸ್ತ್ರಕ್ಕೆ ಯಾವ ರೀತಿಯಲ್ಲೂ ಹೊರಗಿನದಲ್ಲ.