ಕೊಡದಿದ್ರೆ ಏನಾಯ್ತದೆ?

ನಮ್ಮೂರ ಹಳೇ ಚಾವಡಿ ರಿಪೇರಿ ಮಾಡಿ ಅದರಲ್ಲಿ ಊರಿನ ಹಳೇ ಸಾಮಾನುಗಳ ಮ್ಯೂಸಿಯಂ ಮಾಡಬೇಕೆಂದು ಹೋದ ಸುಗ್ಗಿಯಲ್ಲಿ ಒಂದಷ್ಟು ಹುಡುಗರು ಹೊರಟರು. ಓದಿದ ಹುಡುಗರು, ಒಳ್ಳೆಯವರು. ಕೈಯಿಂದಲೇ ಬಸ್ ಚಾರ್ಜು ಹಾಕಿಕೊಂಡು ಓಡಾಡುತ್ತಿದ್ದರು. ರಸೀದಿ ಪುಸ್ತಕ ಹಿಡಿದು ಊರೆಲ್ಲ ಸುತ್ತಿ ಕೊನೆಗೆ ನಮ್ಮ ಕೇರಿಗೂ ಬಂದರು. ಮೇಷ್ಟ್ರು ಜೊತೆಗಿರಲಿ ಅಂತ ನನ್ನನ್ನೂ ಕರೆದುಕೊಂಡಿದ್ದರು.

ನಮ್ಮ ದೊಡ್ಡವ್ವ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದಳು. ಹುಡುಗರು ಪರಂಪರೆ, ಸಂಸ್ಕೃತಿ, ಮುಂದಿನ ಪೀಳಿಗೆ ಅಂತೆಲ್ಲ ವಿವರಿಸಿದರು. ಎಲ್ಲ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು.

"ಕೊಡದಿದ್ರೆ ಏನಾಯ್ತದೆ?"

ಹುಡುಗರು ನಕ್ಕರು. "ಏನೂ ಆಗಲ್ಲ ಕಣವ್ವ. ಮನಸಿದ್ರೆ ಕೊಡು."

"ನಾಳೆ ಕೂಲಿಗೆ ಬರಬ್ಯಾಡ ಅನ್ನಲ್ವಾ?"

"ಇಲ್ಲವ್ವ."

"ಹಂಗಾದ್ರೆ ತಗಳ್ಳಿ" ಅಂತ ಸೆರಗಿನ ಗಂಟು ಬಿಚ್ಚಿ 20 ರೂಪಾಯಿ ಕೊಟ್ಟಳು.

ಹುಡುಗರಿಗೆ ಇದು ಮುದುಕಿಯ ತಮಾಷೆ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ದಾನ ಧರ್ಮದ ಬಗ್ಗೆ ನಾವು ಓದಿದ ದೊಡ್ಡ ದೊಡ್ಡ ಗ್ರಂಥಗಳು ಕೇಳದ ಪ್ರಶ್ನೆಯನ್ನು ಅವಳು ಕೇಳಿದ್ದಳು. ಆ ಗ್ರಂಥಗಳು ಕೊಡುವವನ ಪುಣ್ಯದ ಲೆಕ್ಕ ಹಾಕುತ್ತವೆ. ಕೊಡದೆ ಇರಲು ಅವನಿಗೆ ಸ್ವಾತಂತ್ರ್ಯ ಇತ್ತೇ ಎಂದು ಕೇಳುವುದಿಲ್ಲ.

ಸಂಬಳವಿಲ್ಲದೆ ದುಡಿಯುವುದು ನಮ್ಮ ಜನಕ್ಕೆ ಹೊಸದಲ್ಲ. ಸಾವಿನ ಸುದ್ದಿ ಹೊತ್ತು ನಾಲ್ಕು ಹರಿದಾರಿ ನಡೆದವರು, ಜಾತ್ರೆ ಮುಗಿದ ಮೇಲೆ ಎಂಜಲೆಲೆ ಬಾಚಿದವರು, ಅಮಲ್ದಾರರು ಬಂದರೆ ಅವರ ಗಾಡಿ ಎತ್ತಿಗೆ ಹುಲ್ಲು ಹೊತ್ತವರು, ಊರಿಗೆ ಸುದ್ದಿ ಸಾರಲು ತಮಟೆ ಬಡಿದವರು ನಮ್ಮ ಅಪ್ಪಂದಿರು, ತಾತಂದಿರು. ಊರು ಅದನ್ನು ಬಲವಂತ ಅನ್ನಲಿಲ್ಲ. ಸೇವೆ ಅಂದಿತು. ಸುಗ್ಗಿ ಕಣದಲ್ಲಿ ಕೊಟ್ಟ ನಾಲ್ಕು ಮೊರ ಜೊಳ್ಳಿಗೆ ಆಯ ಎಂದು ಹೆಸರಿಟ್ಟು, ಅದು ನಿಮ್ಮ ಹಕ್ಕು ಅಂತಲೂ ನಂಬಿಸಿತು.

ಹೊರಗಿನಿಂದ ನೋಡಿದರೆ ಬಿಟ್ಟಿಗೂ ಸ್ವಯಂಸೇವೆಗೂ ವ್ಯತ್ಯಾಸ ಕಾಣುವುದಿಲ್ಲ. ಎರಡರಲ್ಲೂ ಬೆವರಿದೆ, ಎರಡರಲ್ಲೂ ಕೂಲಿಯಿಲ್ಲ, ಎರಡನ್ನೂ ಊರಿನ ಒಳಿತಿಗೆ ಅಂತಲೇ ಕೇಳುತ್ತಾರೆ. ಇಲ್ಲ ಅನ್ನಬಲ್ಲವನು ಹೂಂ ಅಂದರೆ ಅದು ದಾನ. ಇಲ್ಲ ಅಂದರೆ ಬೆನ್ನಿಗೋ ಹೊಟ್ಟೆಗೋ ಏಟು ಬೀಳುತ್ತದೆ ಎಂದು ಗೊತ್ತಿದ್ದವನು ಹೂಂ ಅಂದರೆ ಅದು ಬಿಟ್ಟಿ.

ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಮಹಾರ್ ವತನಿನ ಬಗ್ಗೆ ಮಸೂದೆ ಮಂಡಿಸಿದಾಗ ಕೈಯಿಟ್ಟದ್ದು ಈ ಗಂಟಿಗೇ. ಒಂದು ತುಂಡು ಭೂಮಿ, ಒಂದಿಷ್ಟು ಕಾಳು. ಅದಕ್ಕಾಗಿ ಹಗಲೂ ರಾತ್ರಿ ಚಾಕರಿ. ಗಂಡಸು ಇಲ್ಲದಿದ್ದರೆ ಮನೆಯ ಬೇರೆಯವರು ಹೋಗಬೇಕು. ಆಗ ಬೆಳಗಾವಿ, ಧಾರವಾಡ, ಬಿಜಾಪುರಗಳೂ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು, ಹಾಗಾಗಿ ಅದು ಕನ್ನಡದ ಕೇರಿಗಳ ಮಾತೂ ಆಗಿತ್ತು. ಮೈಸೂರು ರಾಜ್ಯದಲ್ಲಿ 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಜೀತ ರದ್ದತಿ ಕಾನೂನು 1976ರಲ್ಲಿ ಬಂತು. ಇಲ್ಲ ಅನ್ನುವ ಹಕ್ಕು ಕಾಗದಕ್ಕೆ ಬಂತು. ಬಾಯಿಗೆ ಬರಲು ಇನ್ನೂ ಕಾಲ ಹಿಡಿಯಿತು.

ಈಗಲೂ ಹಬ್ಬದ ವಂತಿಗೆ ಎತ್ತುವಾಗ ನೋಡಿ. ಕೇರಿಯ ದುಡ್ಡಿಗೆ ಮೈಲಿಗೆಯಿಲ್ಲ, ಅದು ನೇರ ಗುಡಿಯೊಳಕ್ಕೆ ಹೋಗುತ್ತದೆ. ಕೊಟ್ಟವನು ಎಷ್ಟೋ ಊರುಗಳಲ್ಲಿ ಹೊರಗೇ ನಿಲ್ಲುತ್ತಾನೆ. ತೇರು ಕೇರಿಯ ಕಡೆ ತಿರುಗುವುದಿಲ್ಲ. ಮ್ಯೂಸಿಯಂ ಹೆಸರಲ್ಲಿ ಇದೇ ಆಟ ಮತ್ತೆ ನಡೆಯುವುದಾದರೆ ನಮಗೆ ಅದು ಬೇಕಾ?

ಒಂದು ಕಾಲಕ್ಕೆ ನಾನು ಬೇಡವೇ ಬೇಡ ಅನ್ನುತ್ತಿದ್ದೆ. ಅವರ ಪರಂಪರೆ ಅವರೇ ಕಾಯ್ದುಕೊಳ್ಳಲಿ ಅಂತ. ಆದರೆ ನಾವು ಕೈಬಿಟ್ಟರೆ ನಮ್ಮದನ್ನು ಕಾಯುವವರು ಯಾರು? ಎಚ್.ಎಲ್. ನಾಗೇಗೌಡರು ಹಟ ಹಿಡಿದು ಊರೂರು ಸುತ್ತಿದ್ದರಿಂದ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆಯಿತು. ಇಲ್ಲದಿದ್ದರೆ ನಮ್ಮ ಜನ ಬಳಸಿದ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದವು.

ಹೊರಗೆ ಹಾಕಿಸಿಕೊಂಡ ಜನ ತಾವೇ ಮ್ಯೂಸಿಯಂ ಕಟ್ಟಿದ್ದೂ ಇದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆ ಇತ್ತು. ದುಡಿಯುವ ಜನ ಬೆರೆತು ಬಾಳಿದ ಜಾಗ. 1966ರ ಫೆಬ್ರವರಿ 11ರಂದು ವರ್ಣಭೇದದ ಸರ್ಕಾರ ಅದನ್ನು ಬಿಳಿಯರ ಪ್ರದೇಶವೆಂದು ಘೋಷಿಸಿತು. ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ ಮನೆಗಳ ಮೇಲೆ ಬುಲ್ಡೋಜರ್ ಹರಿಸಿದರು. ಆ ಜನ ಮತ್ತು ಅವರ ಗೆಳೆಯರು ಸೇರಿ 1989ರಲ್ಲಿ ಒಂದು ಪ್ರತಿಷ್ಠಾನ ಮಾಡಿಕೊಂಡರು. 1994ರಲ್ಲಿ ಹಳೇ ಚರ್ಚೊಂದರಲ್ಲಿ ಮ್ಯೂಸಿಯಂ ತೆರೆದರು. ಕೆಡವುವ ಕೆಲಸದಲ್ಲಿದ್ದವನೊಬ್ಬ ಬಚ್ಚಿಟ್ಟುಕೊಂಡಿದ್ದ ಬೀದಿಗಳ ನಾಮಫಲಕಗಳು ಅಲ್ಲಿಗೆ ಬಂದವು. ನೆಲದ ಮೇಲೆ ಬಡಾವಣೆಯ ದೊಡ್ಡ ನಕ್ಷೆ ಹಾಸಿದರು. ಹಳೇ ನಿವಾಸಿಗಳು ತಮ್ಮ ಮನೆ ಇದ್ದ ಜಾಗ ಹುಡುಕಿ ಅಲ್ಲಿ ಹೆಸರು ಬರೆದರು. ಏನನ್ನು ಇಡಬೇಕು, ಏನನ್ನು ಹೇಳಬೇಕು ಎಂಬ ತೀರ್ಮಾನದಲ್ಲಿ ಅವರ ಮಾತಿತ್ತು. ಅಂಥ ಕಡೆ ಕೊಟ್ಟ ಒಂದು ಕಾಸು ಭಿಕ್ಷೆಯೂ ಅಲ್ಲ, ವಂತಿಗೆಯೂ ಅಲ್ಲ. ಅದು ಪಾಲು.

ಈಗ ನಮ್ಮೂರಿಗೆ ಬರೋಣ. ಚಾವಡಿಯಲ್ಲಿ ಜೋಡಿಸಿದ ಸಾಮಾನು ನೋಡಿದೆ. ಪಟೇಲರ ಮನೆಯ ಪಲ್ಲಕ್ಕಿ, ಶಾನುಭೋಗರ ಕಡತ, ಹಿತ್ತಾಳೆ ಕೊಳಗ, ಒಂದು ಕಪಿಲೆ ಬಾನಿ. ಬಾನಿಯ ಮುಂದೆ ಚೀಟಿ: "ಪ್ರಾಚೀನ ನೀರಾವರಿ ಸಾಧನ". ಸತ್ತ ಎತ್ತನ್ನು ಹೊತ್ತು, ಚರ್ಮ ಸುಲಿದು, ತಂಗಡಿ ಚಕ್ಕೆಯಲ್ಲಿ ಹದ ಮಾಡಿ ಅದನ್ನು ಹೊಲಿದವರು ಯಾರು? ಚೀಟಿ ಹೇಳುವುದಿಲ್ಲ. ಆ ಬಾನಿ ನೀರೆತ್ತಿ ತೋಟ ಹಸಿರಾಯಿತು. ಹೊಲಿದವರು ಆ ಬಾವಿ ಮುಟ್ಟುವಂತಿರಲಿಲ್ಲ. ಕೊಳಗ ಫಳಫಳ ಹೊಳೆಯುತ್ತದೆ. ಕೂಲಿ ಅಳೆಯುವಾಗ ಅದರೊಳಗೆ ಇಳಿಯುತ್ತಿದ್ದ ಹೆಬ್ಬೆರಳು ಕಾಣುವುದಿಲ್ಲ.

ಇನ್ನೊಂದನ್ನೂ ನೋಡಿದೆ. ಶ್ರಮದಾನದ ದಿನ ರಸೀದಿ ಪುಸ್ತಕ, ಪೆನ್ನು ಹಿಡಿದವರು ಮೇಲಿನ ಬೀದಿಯವರು. ಗುದ್ದಲಿ, ಮಂಕರಿ ಹಿಡಿದವರು ನಮ್ಮ ಕೇರಿಯ ಹುಡುಗರು. ಯಾರೂ ಹಾಗೆ ಹಂಚಿರಲಿಲ್ಲ. ತಾನಾಗೇ ಹಂಚಿಹೋಗಿತ್ತು. ಸಾವಿರ ವರ್ಷದ ಅಭ್ಯಾಸ ಹೀಗೆ ತಾನಾಗೇ ಕೆಲಸ ಮಾಡುತ್ತದೆ. ಹೇಳಿದಾಗ ಹುಡುಗರು ಮುಖ ಮುಖ ನೋಡಿಕೊಂಡರು. ಮಾರನೇ ದಿನ ಪೆನ್ನೂ ಗುದ್ದಲಿಯೂ ಕೈ ಬದಲಾದವು. ಅಷ್ಟರಮಟ್ಟಿಗೆ ಅವರು ಒಳ್ಳೆಯವರು.

ಗೆಳೆಯರೆ, ಇದನ್ನು ನಮ್ಮ ಕಡೆಗೂ ತಿರುಗಿಸಿಕೊಳ್ಳಬೇಕು. ನಮ್ಮವರೇ ನಾಳೆ ಅಂಬೇಡ್ಕರ್ ಭವನಕ್ಕೋ ನಮ್ಮದೇ ಒಂದು ಮ್ಯೂಸಿಯಂಗೋ ಮನೆಗಿಷ್ಟು ಅಂತ ಗೊತ್ತು ಮಾಡಿದರೆ, ಕೊಡಲಾಗದ ವಿಧವೆಯ ಮನೆ ಮುಂದೆ ನಿಂತು "ಸಮಾಜದ್ರೋಹಿ" ಅಂದರೆ, ನಾವೂ ಚಾವಡಿಯ ಗೌಡರೇ ಆದಂತೆ. ಹೊಲಗೇರಿಯ ತಮಟೆಗೆ ಜಾಗ ಸಿಕ್ಕಿ ಮಾದಿಗೇರಿಯ ಉಳಿ, ರಂಪಿಗೆ ಹೊರಗುಳಿದರೂ ಅಷ್ಟೇ.

ತಮಟೆಯ ವಿಚಾರ ಬಂದೇ ಬಂತು. ಹುಡುಗರು ದೊಡ್ಡಪ್ಪನ ತಮಟೆ ಕೇಳಿದರು. ದೊಡ್ಡವ್ವ ಕೊಡಲಿಲ್ಲ. "ಕಾಸು ಕೊಟ್ಟಿವ್ನಿ, ಅದು ಬ್ಯಾರೆ. ಇದನ್ನ ಯಾಕೆ ಬಡಿದ್ರು, ಯಾಕೆ ಬಿಟ್ರು ಅಂತ ನೀವು ಬರೆಯೋದನ್ನ ಮೊದಲು ಓದಿ ಹೇಳಿ. ಆಮೇಲೆ ನೋಡಾನ" ಅಂದಳು. ಅವರು ಇನ್ನೂ ಬರೆಯುತ್ತಿದ್ದಾರೆ. ಎರಡು ಸಲ ಓದಿ ಹೇಳಿದರು, ಎರಡು ಸಲವೂ ಅವಳು ತಿದ್ದಿಸಿದಳು.

ಚಂದಾ ಎತ್ತಲು ಹೊರಟ ಗೆಳೆಯರಿಗೆ ನನ್ನ ಮಾತು ಇಷ್ಟೇ. ಬಾಗಿಲ ಮುಂದೆ ನಿಂತಾಗ ಪರಂಪರೆಯ ಮಾತು ಆಮೇಲೆ ಆಡಿ. ಕೊಡದಿದ್ದರೂ ಏನೂ ಆಗುವುದಿಲ್ಲ ಎಂದು ಮೊದಲು ಹೇಳಿ, ಅದು ನಿಜವಾಗುವಂತೆ ನಡೆದುಕೊಳ್ಳಿ. 20 ರೂಪಾಯಿ ಕೊಟ್ಟವಳ ಹೆಸರನ್ನೂ 20,000 ಕೊಟ್ಟವನ ಹೆಸರನ್ನೂ ಒಂದೇ ಗಾತ್ರದ ಅಕ್ಷರದಲ್ಲಿ ಬರೆಯಿರಿ. ಸಮಿತಿಯಲ್ಲಿ ಕೇರಿಯವರನ್ನು ಕೂರಿಸಿ, ಅವರು ಬೇಡ ಅಂದದ್ದನ್ನು ಕೈಬಿಡಿ. ಆ ಚಾವಡಿಯ ಮೆಟ್ಟಿಲ ಕೆಳಗೆ ನಮ್ಮ ದೊಡ್ಡಪ್ಪ ಕೈಕಟ್ಟಿ ನಿಂತಿದ್ದನ್ನು ನಾನು ಕಂಡಿದ್ದೇನೆ. ಈಗ ಅದರ ಮಾಡಿಗೆ ಹಾಕಿದ ಹೆಂಚುಗಳಲ್ಲಿ ಒಂದೆರಡು ದೊಡ್ಡವ್ವನ ದುಡ್ಡಿನವು.