ನಡೆಯುವವನ ಜಮಾಖರ್ಚು

ನನ್ನ ತಂಗಿಯ ಮಗ ಅಮೆರಿಕದ ಪಶ್ಚಿಮ ತೀರದ ಒಂದು ಊರಿನಲ್ಲಿದ್ದಾನೆ. ನಲವತ್ತೊಂದು ವಯಸ್ಸು, ಮದುವೆಯಾಗಿಲ್ಲ, ಆ ದೇಶದ ಪ್ರಜೆಯಾಗಿ ಕೆಲವು ವರ್ಷಗಳಾದುವು. ಈಚೆಗೆ ಅವನು ಒಂದು ಲೆಕ್ಕದ ಪಟ್ಟಿಯನ್ನು ಕಳುಹಿಸಿ, "ಮಾವ, ಮೂವತ್ತನಾಲ್ಕು ವರ್ಷ ಲೆಕ್ಕಪತ್ರ ನೋಡಿದವರು ನೀವು. ಇದರಲ್ಲಿ ಎಲ್ಲಾದರೂ ತಪ್ಪಿದೆಯೇ ನೋಡಿ ಹೇಳಿ. ಅಮ್ಮನಿಗೆ ಸದ್ಯಕ್ಕೆ ತಿಳಿಸಬೇಡಿ" ಎಂದು ಬರೆದ. ಮನೆ ಕೊಳ್ಳುತ್ತಿರಬೇಕು ಎಂದುಕೊಂಡು ಕನ್ನಡಕ ಹಾಕಿಕೊಂಡೆ. ಮನೆಯಲ್ಲ. ಕೆಲಸ ಬಿಟ್ಟು ಐದು ವರ್ಷ ಕಾಲ್ನಡಿಗೆಯಲ್ಲಿ ಬೆಟ್ಟಗಾಡು ಸುತ್ತುವುದಕ್ಕೆ ತಗಲುವ ವೆಚ್ಚದ ಅಂದಾಜು ಅದು.

ನಡೆಯುವುದಕ್ಕೂ ಅಂದಾಜು ಪಟ್ಟಿಯೇ ಎಂದು ಮೊದಲು ನಗು ಬಂತು. ನಮ್ಮ ಮನೆಯಲ್ಲಿ ನಡಿಗೆಯೆಂದರೆ ಹಣವಿಲ್ಲದಾಗ ಮಾಡುವ ಕೆಲಸ. ನಮ್ಮ ತಂದೆ ಬಸ್ ಚಾರ್ಜು ಉಳಿಸುವುದಕ್ಕಾಗಿ ನಡೆಯುತ್ತಿದ್ದರು. ಅವರ ಮೊಮ್ಮಗ ನಡೆಯುವುದಕ್ಕಾಗಿ ಉಳಿಸಿದ್ದಾನೆ.

ಅಮೆರಿಕದಲ್ಲಿ ಇಂಥ ಉದ್ದದ ಕಾಲುದಾರಿಗಳು ಮೂರು ಹೆಸರಾಗಿವೆ. ಪೂರ್ವದಲ್ಲಿ ಅಪಲೇಚಿಯನ್ ದಾರಿ: ಜಾರ್ಜಿಯದಿಂದ ಮೇಯ್ನ್‌ವರೆಗೆ ಹದಿನಾಲ್ಕು ಸಂಸ್ಥಾನಗಳನ್ನು ಹಾದು ಸುಮಾರು 3,500 ಕಿಲೋಮೀಟರು, 1937ರಲ್ಲಿ ಪೂರ್ತಿಯಾಯಿತು. ಪಶ್ಚಿಮದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡ ಗಡಿಯವರೆಗೆ ಪೆಸಿಫಿಕ್ ಕ್ರೆಸ್ಟ್ ದಾರಿ. ಸುಮಾರು 4,265 ಕಿಲೋಮೀಟರು. ಇವೆರಡರ ನಡುವೆ ಖಂಡದ ಜಲವಿಭಾಜಕ ರೇಖೆಯನ್ನು ಹಿಡಿದು ಹೋಗುವ ಮೂರನೆಯದು ಇನ್ನೂ ಉದ್ದ, ಸುಮಾರು 5,000. ಒಂದೊಂದಕ್ಕೂ ಐದಾರು ತಿಂಗಳು ಬೇಕು. ಹುಡುಗ (ನಲವತ್ತೊಂದಾದರೂ ನನಗವನು ಹುಡುಗನೇ) ವರ್ಷಕ್ಕೊಂದರಂತೆ ಈ ಮೂರನ್ನೂ ಮುಗಿಸಿ, ಆಮೇಲೆ 2011ರಲ್ಲಿ ತೆರೆದ ನ್ಯೂಜಿಲೆಂಡಿನ ದಾರಿಗೆ ಹೋಗುವವನು. ಐದನೆಯ ವರ್ಷದ ಎದುರಿಗೆ "ಆಗ ನೋಡೋಣ" ಎಂದು ಬರೆದಿದ್ದ. ಇಡೀ ಪಟ್ಟಿಯಲ್ಲಿ ನನಗೆ ಮೊದಲು ಮೆಚ್ಚುಗೆಯಾದದ್ದು ಆ ಸಾಲು.

ಪಟ್ಟಿಯನ್ನು ಓದುತ್ತ ಹೋದಂತೆ ನನ್ನ ನಗು ಕಡಿಮೆಯಾಯಿತು. ನಡೆಯುವ ಆರು ತಿಂಗಳಿಗೆ ತಿಂಗಳಿಗೆ 1,500 ಡಾಲರ್. ನಡೆಯದ ಆರು ತಿಂಗಳು, ಯಾವುದಾದರೂ ಅಗ್ಗದ ಊರಿನಲ್ಲಿ ಒಂದು ಕೋಣೆ ಹಿಡಿದು, ಅಷ್ಟೇ. ಆರೋಗ್ಯವಿಮೆ ಮತ್ತು ವೈದ್ಯಕ್ಕೆ ವರ್ಷಕ್ಕೆ 4,000. ಡೇರೆ, ಹೊದಿಕೆ, ಬೂಟುಗಳಿಗೆ 2,000. ಬೂಟಿನ ಬಾಬು ನೋಡಿ ಹುಬ್ಬೇರಿಸಿದೆ. ಒಂದು ಜೊತೆ 500ರಿಂದ 800 ಕಿಲೋಮೀಟರಿಗೆ ಸವೆದುಹೋಗುತ್ತದಂತೆ. ಒಂದು ದಾರಿ ಮುಗಿಸಲು ಐದಾರು ಜೊತೆ ಬೇಕು. ಒಟ್ಟು ವರ್ಷಕ್ಕೆ 24,000. ಎಲ್ಲವೂ ಸರಿಯಾಗಿ ಕೂಡುತ್ತದೆ.

ಇದರಲ್ಲಿ ನನಗೆ ಹೊಸತಾಗಿ ಕಂಡ ಸಂಗತಿಯೊಂದಿದೆ. ಬೆಟ್ಟದಲ್ಲಿ ಖರ್ಚೇ ಇಲ್ಲ. ಪಶ್ಚಿಮದ ದಾರಿಗೆ ಪರವಾನಗಿ ಬೇಕು, ಆದರೆ ಅದು ಪುಕ್ಕಟೆ. ಮಲಗುವುದು ಸ್ವಂತ ಡೇರೆಯಲ್ಲಿ. ಅಲ್ಲಿ ಕೊಳ್ಳುವುದಕ್ಕೆ ಅಂಗಡಿಯಾದರೂ ಎಲ್ಲಿದೆ? ಹಣ ಸೋರುವುದೆಲ್ಲ ಐದಾರು ದಿನಕ್ಕೊಮ್ಮೆ ಬುತ್ತಿ ತುಂಬಿಕೊಳ್ಳಲು ಊರಿಗಿಳಿದಾಗ. ಬಿಸಿನೀರಿನ ಸ್ನಾನ, ಮೆತ್ತನೆಯ ಹಾಸಿಗೆ, ಹೊಟ್ಟೆ ತುಂಬ ಊಟ, ಇನ್ನೊಂದು ರಾತ್ರಿ ಇದ್ದುಬಿಡೋಣವೆಂಬ ಆಸೆ. ನಡೆದರೆ ಖರ್ಚಿಲ್ಲ, ನಿಂತರೆ ಖರ್ಚು. ಈ ಜನ ಹೆಗಲಿನ ಹೊರೆಯನ್ನೂ ಹೀಗೆಯೇ ಲೆಕ್ಕ ಹಾಕುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸುವವರುಂಟು. ತಮಾಷೆಯೆನ್ನಬಹುದು, ಆದರೆ ನನ್ನ ಮನೆಯ ಅಟ್ಟವನ್ನು ನೆನೆದುಕೊಂಡರೆ ತಮಾಷೆ ಮಾಡುವ ಹಕ್ಕು ನನಗಿಲ್ಲವೆನ್ನಿಸುತ್ತದೆ.

ಈ 24,000 ಬರುವುದೆಲ್ಲಿಂದ? ಹದಿನಾರು ವರ್ಷ ದುಡಿದು ಅವನು ಕೂಡಿಟ್ಟ ಇಡುಗಂಟು ಆರು ಲಕ್ಷ ಡಾಲರ್. ಅದರ ಶೇಕಡ ನಾಲ್ಕು. ಈ ನಾಲ್ಕಕ್ಕೂ ಒಂದು ಚರಿತ್ರೆಯಿದೆ. ವಿಲಿಯಂ ಬೆಂಗೆನ್ ಎಂಬ ಹಣಕಾಸಿನ ಸಲಹೆಗಾರ 1994ರಲ್ಲಿ ಅಮೆರಿಕದ ಷೇರು ಮತ್ತು ಸಾಲಪತ್ರಗಳ ಹಳೆಯ ದಾಖಲೆಯನ್ನು ಹಿಡಿದು ಲೆಕ್ಕ ಹಾಕಿದ: ಮೊದಲ ವರ್ಷ ಗಂಟಿನ ಶೇಕಡ ನಾಲ್ಕನ್ನು ತೆಗೆದು, ಆಮೇಲೆ ಬೆಲೆಯೇರಿಕೆಗೆ ತಕ್ಕಷ್ಟು ಮಾತ್ರ ಹೆಚ್ಚಿಸಿಕೊಳ್ಳುತ್ತ ಹೋದವನಿಗೆ, ಹಿಂದಿನ ಎಂಥ ಕೆಟ್ಟ ಕಾಲದಲ್ಲಿ ಆರಂಭಿಸಿದ್ದರೂ, ಹಣ ಮೂವತ್ತು ವರ್ಷವಾದರೂ ಬರುತ್ತಿತ್ತು ಎಂದು. ಅಪಾಯವಿರುವುದು ಮೊದಲ ಕೆಲವು ವರ್ಷಗಳಲ್ಲಿ. ಬರಗಾಲದ ವರ್ಷ ಬಿತ್ತನೆಯ ಭತ್ತವನ್ನೇ ಕುಟ್ಟಿ ಉಂಡವನಿಗೆ ಮುಂದೆ ಎಷ್ಟು ಮಳೆ ಬಂದರೇನು? ಇದನ್ನು ಹುಡುಗ ಬಲ್ಲ; ಎರಡು ವರ್ಷದ ಖರ್ಚನ್ನು ಬೇರೆಯಾಗಿ ಬ್ಯಾಂಕಿನಲ್ಲಿಟ್ಟಿದ್ದಾನೆ. ನಾನು ಕೇಳಿದ್ದು ಒಂದೇ: "ಮೂವತ್ತು ವರ್ಷವೆಂದರೆ ನಿನಗೆ ಎಪ್ಪತ್ತೊಂದು. ನನಗೀಗ ಎಪ್ಪತ್ತಮೂರು ಕಣೋ. ಈ ಎರಡು ವರ್ಷ ಏನು ತಿನ್ನುತ್ತೀಯೆ?" ನಕ್ಕುಬಿಟ್ಟ. ನಡುವೆ ಬೇಕಾದರೆ ಮತ್ತೆ ಕೆಲಸಕ್ಕೆ ಸೇರುವನಂತೆ.

ಲೆಕ್ಕದಲ್ಲಿ ತಪ್ಪಿಲ್ಲ ಎಂದು ಬರೆದು ಮುಗಿಸಬಹುದಾಗಿತ್ತು. ಮುಗಿಸಲಾಗಲಿಲ್ಲ. ದುಡಿಯಬಲ್ಲವನು ದುಡಿಯದೆ ತಿರುಗುವುದು ತಪ್ಪೆಂಬ ಮಾತು ಮೊದಲು ನಾಲಗೆಗೆ ಬಂತು; ಯೋಚಿಸಿದಾಗ ಅದರಲ್ಲಿ ಹುರುಳಿಲ್ಲವೆನಿಸಿತು. ಅವನು ಯಾರ ಗಂಟನ್ನೂ ಕದ್ದಿಲ್ಲ. ಇನ್ನು, ಕಾಡಿಗೆ ಹೋಗುವುದು ಸಂಸಾರ ಮುಗಿದ ಮೇಲೆ ಎಂಬ ನಮ್ಮ ಹಿರಿಯರ ಕ್ರಮ: ವಾನಪ್ರಸ್ಥಕ್ಕೆ ವಯಸ್ಸು ಗೊತ್ತುಮಾಡಿದವರು ಮೊಣಕಾಲಿನ ವಿಚಾರವನ್ನು ಅಷ್ಟಾಗಿ ಆಲೋಚಿಸಿದಂತಿಲ್ಲ.

ಈ ಬಗೆಯ ಜಮಾಖರ್ಚಿಗೆ ಆ ದೇಶದಲ್ಲಿ ಮೂಲಪುರುಷನೆನ್ನಬೇಕಾದವನು ಥೋರೋ. 1845ರ ಜುಲೈಯಿಂದ ಎರಡು ವರ್ಷ ಎರಡು ತಿಂಗಳು ವಾಲ್ಡನ್ ಕೊಳದ ದಡದಲ್ಲಿದ್ದು, ತಾನು ಕಟ್ಟಿಕೊಂಡ ಗುಡಿಸಲಿಗೆ ಬಿದ್ದ ಖರ್ಚು 28 ಡಾಲರ್ 12½ ಸೆಂಟ್ ಎಂದು ಮೊಳೆಯ ಬೆಲೆಯನ್ನೂ ಬಿಡದೆ ಪುಸ್ತಕದಲ್ಲಿ ಬರೆದ. ಮೂವತ್ತು ಮೈಲಿ ದೂರದ ಊರಿಗೆ ರೈಲಿನ ಚಾರ್ಜು ತೊಂಬತ್ತು ಸೆಂಟು, ಅದು ಸುಮಾರು ಒಂದು ದಿನದ ಕೂಲಿ. ಆದ್ದರಿಂದ ನೀನು ಚಾರ್ಜು ಸಂಪಾದಿಸಿ ಬರುವಷ್ಟರಲ್ಲಿ ನಾನು ನಡೆದೇ ತಲುಪಿರುತ್ತೇನೆ ಎಂಬ ಅವನ ವಾದ ಇಂದಿಗೂ ಚುರುಕಾಗಿದೆ. ಆದರೆ ಅದೇ ಲೆಕ್ಕದಲ್ಲಿ ಒಂದು ಕಡೆ, ಬಟ್ಟೆ ಒಗೆಯುವುದೂ ಹೊಲಿಯುವುದೂ ಹೆಚ್ಚಾಗಿ ಹೊರಗೆ ನಡೆಯುತ್ತಿತ್ತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂಬರ್ಥದ ಮಾತೊಂದು ಹಾದುಹೋಗುತ್ತದೆ. ಗುಡಿಸಲು ನಿಂತ ನೆಲವಂತೂ ಎಮರ್ಸನ್ನನದು. ಲೆಕ್ಕಪತ್ರದವನಾದ ನನ್ನ ಕಣ್ಣು ಆ ಬಾರದ ಬಿಲ್ಲಿನ ಮೇಲೆಯೇ ನಿಂತುಬಿಟ್ಟಿತು. ಸ್ವತಂತ್ರನಾದವನ ಲೆಕ್ಕದಲ್ಲಿ ಯಾರೋ ಒಬ್ಬರ ಕೆಲಸ ಖರ್ಚಿಗೆ ಬರದೆ ಉಳಿದಿರುತ್ತದೆಯೋ ಏನೋ.

ಹಣವೇ ಇಲ್ಲದೆ ನಡೆದವರ ಮಾತು ಬೇರೆಯೇ? ನರ್ಮದೆಯ ಪರಿಕ್ರಮವನ್ನು ನೆನೆಯಿರಿ. ನದಿ 1,312 ಕಿಲೋಮೀಟರು. ಅದನ್ನು ಬಲಕ್ಕಿಟ್ಟುಕೊಂಡು ಎರಡು ದಡವನ್ನೂ ಸುತ್ತಬೇಕು. ಸಂಪ್ರದಾಯದ ಪ್ರಕಾರ ಮೂರು ವರ್ಷ ಮೂರು ತಿಂಗಳು ಹದಿಮೂರು ದಿನ. ಕಟ್ಟಾ ಕ್ರಮದಲ್ಲಿ ಹೊರಟವನು ಹಣ ಮುಟ್ಟುವುದಿಲ್ಲ; ದಡದ ಹಳ್ಳಿಗರು ಕೊಟ್ಟದ್ದನ್ನು ಉಣ್ಣುತ್ತಾನೆ. 1962ರಲ್ಲಿ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ತರುಣರು ಅಣ್ವಸ್ತ್ರಗಳ ವಿರುದ್ಧ ದೆಹಲಿಯಿಂದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ಯಾತ್ರೆ ಹೊರಟರು. ಮುದಿ ವಯಸ್ಸಿನಲ್ಲಿ ರಸೆಲ್ ಸೆರೆಮನೆ ಸೇರಿದ ಸುದ್ದಿಯನ್ನು ಓದಿ ಅವರಿಗೆ ಈ ಯೋಚನೆ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, ಕಾಫಿ ಕುಡಿಯುತ್ತಿದ್ದಾಗ. ಜೇಬಿನಲ್ಲಿ ಕಾಸಿಟ್ಟುಕೊಳ್ಳಬೇಡಿ ಎಂದವರು ವಿನೋಬಾ. ಕಾಸಿದ್ದರೆ ಹೋಟೆಲು ಸೇರಿ ಬಾಗಿಲು ಹಾಕಿಕೊಳ್ಳುತ್ತೀರಿ; ಇಲ್ಲದಿದ್ದರೆ ದಿನವೂ ಯಾರದಾದರೂ ಬಾಗಿಲು ತಟ್ಟಲೇಬೇಕು ಎಂಬುದು ಅದರ ಮರ್ಮ.

ಇದು ಎತ್ತರದ ಮಾತು, ಒಪ್ಪಿದೆ. ಆದರೂ ಭಿಕ್ಷೆಯೆಂದರೆ ನನಗೊಂದು ಅಳುಕು. ಬಾಗಿಲು ತಟ್ಟಿದವನಿಗೆ ಅನುಭವ. ಬಾಗಿಲು ತೆರೆದವಳಿಗೆ ಇನ್ನೊಂದು ಪಾವು ಅಕ್ಕಿ. ಸಮುದ್ರ ದಾಟಲು ಹಡಗು ಹತ್ತಿದಾಗ ಟಿಕೆಟ್ಟಿನ ಹಣ ಯಾರೋ ಕೊಟ್ಟದ್ದೇ. ನನ್ನ ಸೋದರಳಿಯನಾದರೋ ಅಂಗಡಿಯವನಿಗೆ ಎಣಿಸಿ ಕೊಟ್ಟು ಹೋಗುತ್ತಾನೆ. ಯಾರ ಹಂಗೂ ಇಲ್ಲ. ಹಾಗಾದರೆ ಇವನೇ ಮೇಲೋ? ಷೇರಿನ ಲಾಭದಿಂದ ಉಣ್ಣುವವನಿಗೂ ಎಲ್ಲೋ ಯಾರೋ ದುಡಿದು ಕೊಡುತ್ತಿರುತ್ತಾರೆ. ಅವರ ಮುಖ ಇವನಿಗೆ ಕಾಣುವುದಿಲ್ಲ, ಅಷ್ಟೆ. ಭಿಕ್ಷೆಯವನಿಗೆ ಕಾಣುತ್ತದೆ. ಈ ವ್ಯತ್ಯಾಸ ಸಣ್ಣದಲ್ಲವೆಂದು ನನ್ನ ಎಣಿಕೆ. ಇನ್ನು, ನಡೆಯುವವನ ಹಂಗು ಹಣದಿಂದ ಪೂರ್ತಿ ತೀರುವುದೂ ಇಲ್ಲ. ಆ ಅಮೆರಿಕದ ಮರಳುಗಾಡಿನಲ್ಲಿ ಅಪರಿಚಿತರು ದಾರಿಯ ಪಕ್ಕ ಕುಡಿಯುವ ನೀರು ಇಟ್ಟುಹೋಗುವುದುಂಟಂತೆ, ನಮ್ಮ ಅರವಟ್ಟಿಗೆಯ ಹಾಗೆ.

ಹುಡುಗನೇ ಹೇಳಿದ ಒಂದು ಕಥೆಯಿದೆ. ಎಮ್ಮಾ ಗೇಟ್‌ವುಡ್ ಎಂಬಾಕೆ ಒಹಾಯೋ ಸಂಸ್ಥಾನದ ರೈತಾಪಿ ಹೆಂಗಸು; ಹನ್ನೊಂದು ಮಕ್ಕಳ ತಾಯಿ; ಹೊಡೆಯುವ ಗಂಡನಿಂದ ಬಿಡುಗಡೆ ಪಡೆದವಳು. ಶುಶ್ರೂಷಾಲಯವೊಂದರಲ್ಲಿ ವಾರಕ್ಕೆ 25 ಡಾಲರಿನ ಕೆಲಸ ಮಾಡುತ್ತ, ತಿಂಗಳಿಗೆ 52 ಡಾಲರಿನ ಕನಿಷ್ಠ ಪಿಂಚಣಿ ಕೈಗೆ ಬರುವವರೆಗೆ ಕಾದಳು. 1954ರಲ್ಲಿ ಹೊರಟು ದಾರಿ ತಪ್ಪಿ ಹಿಂದಿರುಗಿದಳು. 1955ರಲ್ಲಿ, ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ, ಸ್ವಲ್ಪ ಅಡ್ಡಾಡಿಕೊಂಡು ಬರುತ್ತೇನೆ ಎಂಬಂತೆ ಮಕ್ಕಳಿಗೆ ಹೇಳಿ, ತಾನೇ ಹೊಲಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕ್ಯಾನ್‌ವಾಸ್ ಷೂಗಳಲ್ಲಿ ಅಪಲೇಚಿಯನ್ ದಾರಿಯನ್ನು ಪೂರ್ತಿ ನಡೆದಳು. ಎರಡು ವರ್ಷದ ಮೇಲೆ ಮತ್ತೊಮ್ಮೆ. ಥೋರೋವಿಗೆ ಬಾರದ ಬಿಲ್ಲಿನ ಹೆಂಗಸು ಇವಳೇ ಅಲ್ಲವೇ ಎಂದು ಇದನ್ನು ಕೇಳುವಾಗ ನನಗೆ ಅನ್ನಿಸಿತು. ಐವತ್ತು ವರ್ಷ ಬೇರೆಯವರ ಲೆಕ್ಕದಲ್ಲಿ ಬರೆಯದ ಬಾಬಾಗಿದ್ದವಳು ಕೊನೆಗೆ ತನ್ನ ಲೆಕ್ಕ ತೆರೆದಳು.

ಈಗ ನನ್ನದನ್ನೂ ಹೇಳಿಬಿಡುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ತಲಕಾವೇರಿಯಿಂದ ಪೂಂಪುಹಾರಿನ ಸಮುದ್ರದವರೆಗೆ ಕಾವೇರಿಯ ದಡದಲ್ಲೇ ನಡೆಯಬೇಕೆಂಬ ಹುಚ್ಚು ಹಿಡಿದಿತ್ತು. ನದಿ 800 ಕಿಲೋಮೀಟರು, ದಿನಕ್ಕೆ ಇಪ್ಪತ್ತರಂತೆ ನಲವತ್ತು ದಿನ, ದಿನಕ್ಕೆ ಹದಿನೈದು ರೂಪಾಯಿ, ಒಟ್ಟು ಆರುನೂರು. ತಿಂಗಳಿಗೆ ಹದಿನೈದು ರೂಪಾಯಿಯಂತೆ ಅಂಚೆ ಕಚೇರಿಯಲ್ಲಿ ಕಟ್ಟುತ್ತ ಬಂದೆ. ಒಂದು ತಿಂಗಳ ಉಳಿತಾಯಕ್ಕೆ ಒಂದು ದಿನದ ನಡಿಗೆ! ಮೂರು ವರ್ಷ ನಾಲ್ಕು ತಿಂಗಳಿಗೆ ಗಂಟು ತುಂಬಿತು. ಆ ವರ್ಷವೇ, 1980ರಲ್ಲಿ, ತಂಗಿಯ ಮದುವೆ ಗೊತ್ತಾಯಿತು. ಅಡುಗೆಯವರಿಗೆ ಮುಂಗಡವೆಂದು ಆ ಆರುನೂರನ್ನು ತೆಗೆದುಕೊಟ್ಟೆ. ಯಾರೂ ಕೇಳಿರಲಿಲ್ಲ, ಯಾರಿಗೂ ಹೇಳಲಿಲ್ಲ. ಬಹಳ ವರ್ಷ ಇದನ್ನು ತ್ಯಾಗವೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅಂಚೆ ಕಚೇರಿಯಿಂದ ಹಣ ತೆಗೆದುಕೊಂಡು ಹೊರಗೆ ಬಂದಾಗ ನನಗೆ ಹಗುರವಾಯಿತು. ಒಬ್ಬನೇ ನಲವತ್ತು ದಿನ ಎಂಬ ಭಯ ಒಳಗೇ ಇತ್ತು. ಮದುವೆ ಒಂದು ಒಳ್ಳೆಯ ನೆಪ ಒದಗಿಸಿತು. ಆಮೇಲಾದರೂ ಮತ್ತೆ ಕೂಡಿಡಬಹುದಾಗಿತ್ತಲ್ಲ! ಜಬಲ್ಪುರದಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದ ಅಮೃತಲಾಲ್ ವೇಗಡ್ 1977ರಲ್ಲಿ, ಐವತ್ತರ ಹತ್ತಿರದಲ್ಲಿ, ಹೊರಟು ನರ್ಮದೆಯ ದಡವನ್ನು ತುಂಡುತುಂಡಾಗಿ ವರ್ಷಗಟ್ಟಲೆ ನಡೆದರು. ನನಗೂ ರಜೆಗಳಿದ್ದವು.

ಆದ್ದರಿಂದ ಹುಡುಗನಿಗೆ ಕರ್ತವ್ಯದ ಉಪದೇಶ ಮಾಡುವ ಯೋಗ್ಯತೆ ನನಗಿರಲಿಲ್ಲ. ಆದರೂ ಪಟ್ಟಿಯಲ್ಲಿ ಒಂದು ಬಾಬು ಇಲ್ಲ. ನನ್ನ ತಂಗಿಯ ಗಂಡ ಹೋಗಿ ಆರು ವರ್ಷವಾಯಿತು. ಅವಳು ಮೈಸೂರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿಯಾಚೆ ಒಬ್ಬಳೇ ಇದ್ದಾಳೆ. ಕಣ್ಣಿನ ಡಾಕ್ಟರಲ್ಲಿಗೆ, ಬ್ಯಾಂಕಿಗೆ ನಾನು ಜೊತೆಗೆ ಹೋಗುತ್ತೇನೆ. ಅದು ನನಗೆ ಹೊರೆಯಲ್ಲ; ಆದರೆ ಖರ್ಚಿಗೆ ಬರೆಯದ ಬಾಬು ನಾನೇ ಎಂದು ಹೊಳೆದಾಗ ಸ್ವಲ್ಪ ಇರುಸುಮುರುಸಾಯಿತು. ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಿಂದ "ತಾಯಿ" ಎಂದು ಬರೆದು, ಮೊಬಲಗಿನ ಜಾಗ ಖಾಲಿ ಬಿಟ್ಟು, ಅದರ ಫೋಟೋ ತೆಗೆದು ಕಳುಹಿಸಿದೆ. "ಲೆಕ್ಕ ಸರಿಯಿದೆ. ಇದನ್ನು ನೀನೇ ಅವಳನ್ನು ಕೇಳಿ ತುಂಬು" ಎಂದು ಬರೆದೆ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಸಂಜೆ ತಂಗಿಯೇ ಬಂದಳು. ಮಗ ಫೋನ್ ಮಾಡಿ ಎಲ್ಲ ಹೇಳಿದ್ದ. ಅತ್ತಿರಬಹುದು, ನನಗೆ ತೋರಿಸಿಕೊಳ್ಳಲಿಲ್ಲ. ಕಾಫಿ ಕುಡಿದು, "ಅಣ್ಣ, ಯಾರೋ ಒಬ್ಬಳು ಅಜ್ಜಿ ಒಬ್ಬಳೇ ನಡೆದಳಂತಲ್ಲ, ಅವಳಿಗೆಷ್ಟು ವಯಸ್ಸು ಅಂದ?" ಎಂದು ಕೇಳಿದಳು.

"ಅರವತ್ತೇಳು."

"ನನಗಿಂತ ಒಂದು ವರ್ಷಕ್ಕೆ ಚಿಕ್ಕವಳು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಜಿನ ಮೇಲಿದ್ದ ಪಟ್ಟಿಯನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದಳು. ನನ್ನ ಪೆನ್ಸಿಲು ತೆಗೆದುಕೊಂಡು, ನಾನು ಖಾಲಿ ಬಿಟ್ಟ ಜಾಗದಲ್ಲಿ "ವರ್ಷಕ್ಕೆ ಎರಡು ಸಲ" ಎಂದು ಬರೆದಳು.

ವಿಮಾನದ ಚಾರ್ಜು ಸೇರಿಸಿ ಹುಡುಗ ಈಗ ಮತ್ತೆ ಲೆಕ್ಕ ಹಾಕುತ್ತಿದ್ದಾನೆ. ಶೇಕಡ ನಾಲ್ಕೂವರೆಗೆ ಹೋಗುತ್ತದೆಯಂತೆ.