ಯಾರು ಆರಿಸಿದ ಬಣ್ಣ?

(ಇಳಕಲ್ಲಿನ ಒಂದು ಸೀರೆ ಅಂಗಡಿ. ದೊಡ್ಡವ್ವ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು, ಈಗ ಮನೆತನದ ಅಂಗಡಿ ನೋಡಿಕೊಳ್ಳುತ್ತಾರೆ. ವಸುಧಾ ಅವರ ತಂಗಿಯ ಮಗಳು. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು, ಕಾಲೇಜಿನಲ್ಲಿ ಮನಃಶಾಸ್ತ್ರದ ಉಪನ್ಯಾಸಕಿ.)

ವಸುಧಾ: ದೊಡ್ಡವ್ವ, ಈಗ ಹೋದರಲ್ಲ, ಅವರಿಗೆ ನೀನು ಹೇಳಿದ ಮಾತು ನನಗೆ ಸರಿ ಅನ್ನಿಸಲಿಲ್ಲ. 'ಮನಸಿಗೆ ಬ್ಯಾಸರ ಆಗೇತಿ ಅಂದ್ರ ಗಿಣಿಹಸಿರು ಉಟ್ಟು ನೋಡ್ರಿ' ಅಂದೆ. ಅದು ವ್ಯಾಪಾರದ ಮಾತಲ್ಲವಾ?

ದೊಡ್ಡವ್ವ: ವ್ಯಾಪಾರಕ್ಕಂತ ಹೇಳೂದಾಗಿದ್ರ ಅಪ್ಪಟ ರೇಷ್ಮಿ ಸೀರಿ ಬಿಚ್ಚಿ ತೋರಸತಿದ್ದೆ. ಆಕಿ ಒಯ್ದದ್ದು ಹತ್ತಿ ಮೈಯಿನ ಸೀರಿ.

ವಸುಧಾ: ಅಂದರೆ ನಿಜವಾಗಿ ನಂಬುತ್ತೀಯಾ? ಬಣ್ಣದ ಬಟ್ಟೆ ಉಟ್ಟರೆ ಮನಸ್ಸು ಹಗುರಾಗುತ್ತದೆ ಅಂತ?

ದೊಡ್ಡವ್ವ: ನಂಬತೀನಿ.

ವಸುಧಾ: ನಮ್ಮ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಬಗ್ಗೆ ಅವರಿಗೆ ಹೇಳುತ್ತೇನೆ. 30 ದೇಶಗಳ 4,598 ಜನರನ್ನು ಯಾವ ಬಣ್ಣಕ್ಕೆ ಯಾವ ಭಾವ ಅಂತ ಕೇಳಿದರು. ಹಳದಿಗೆ ಸಂತೋಷ, ಕಪ್ಪಿಗೆ ದುಃಖ, ಕೆಂಪಿಗೆ ಪ್ರೀತಿಯೂ ಹೌದು ಸಿಟ್ಟೂ ಹೌದು. ದೇಶ ಬೇರೆಯಾದರೂ ಉತ್ತರ ಬಹಳಮಟ್ಟಿಗೆ ಹೊಂದಿಕೊಂಡವು. ಆದರೆ ಅವರಿಗೆ ಕೊಟ್ಟದ್ದು ಬಣ್ಣದ ಹೆಸರು ಮಾತ್ರ. ಹಳದಿ ಅಂದಾಗ ಸಂತೋಷ ನೆನಪಾಗುವುದು ಬೇರೆ, ಹಳದಿ ಉಟ್ಟವಳಿಗೆ ಸಂತೋಷ ಆಗುವುದು ಬೇರೆ.

ದೊಡ್ಡವ್ವ: ಅದು ಖರೆ. ಮತ್ತ ಕಪ್ಪು ಅಂದ್ರ ದುಃಖ ಅಂತ ನಮ್ಮ ಕಡೆ ಬಂದು ಹೇಳಿ ನೋಡು. ಸೊಲ್ಲಾಪುರದ ಕಡೆ ಸಂಕ್ರಮಣಕ್ಕ ಕರೀ ಸೀರಿ ಉಟ್ಕೊಂಡು ಎಳ್ಳು ಬೆಲ್ಲ ಹಂಚತಾರ. ನಮ್ಮ ಚಂದ್ರಕಾಳಿ ನೋಡು, ಮೈಯೆಲ್ಲಾ ಕಪ್ಪು, ದಡಿ ಕೆಂಪು. ಅದನ್ನ ಆಸೆಪಟ್ಟು ಕೇಳಿ ಒಯ್ಯತಾರ.

ವಸುಧಾ: ಹಾಗಾದರೆ ಬಣ್ಣಕ್ಕೆ ಸ್ವಂತ ಗುಣ ಇಲ್ಲ ಅಂತ ನೀನೇ ಒಪ್ಪಿದ ಹಾಗಾಯ್ತು!

ದೊಡ್ಡವ್ವ: ಒಪ್ಪಿದೆ. ಮುಂದ ಹೇಳು.

ವಸುಧಾ: ಗುಣ ಬಟ್ಟೆಯಲ್ಲಿಲ್ಲ, ಉಟ್ಟವರ ನಂಬಿಕೆಯಲ್ಲಿದೆ ಅನ್ನುವುದಕ್ಕೂ ಒಂದು ಪ್ರಯೋಗ ಇದೆ. 2012ರಲ್ಲಿ ಹಾಜೋ ಆಡಮ್ ಮತ್ತು ಆಡಮ್ ಗ್ಯಾಲಿನ್ಸ್ಕಿ ಅನ್ನುವವರು ಪ್ರಕಟಿಸಿದ್ದು. ಒಂದೇ ಬಿಳಿ ಕೋಟು. ಕೆಲವರಿಗೆ ಅದನ್ನು ಡಾಕ್ಟರ ಕೋಟು ಅಂದರು, ಕೆಲವರಿಗೆ ಚಿತ್ರಕಾರನ ಕೋಟು ಅಂದರು. ಡಾಕ್ಟರ ಕೋಟು ಅಂತ ತಿಳಿದು ತೊಟ್ಟವರ ಗಮನ ಹೆಚ್ಚು ಚುರುಕಾಗಿತ್ತು. ಆದರೆ ಅದೇ ಲೇಖನದ ಮೊದಲ ಪ್ರಯೋಗವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಫಲ ಸಿಗಲಿಲ್ಲ. ಅದು 2019ರಲ್ಲಿ ಬಂತು. ಹಾಗಾಗಿ ಈ ಪುರಾವೆಯ ಮೇಲೆ ತುಂಬಾ ಭಾರ ಹಾಕುವ ಹಾಗಿಲ್ಲ.

ದೊಡ್ಡವ್ವ: ಹಾಕೂದು ಬ್ಯಾಡ. ಪ್ರಯೋಗ ಮತ್ತ ಮಾಡಿದಾಗ ನಿಲ್ಲಲಿಲ್ಲ ಅಂದ್ರ ಅಷ್ಟಕ್ಕ ಬಿಡಬೇಕು, ಮಕ್ಕಳಿಗೆ ನಾನೂ ಅದನ್ನ ಹೇಳತಿದ್ದೆ. ಆದ್ರ ಅವರು ಕೇಳಿದ ಪ್ರಶ್ನಿ ಒಳ್ಳೇದು. ಕೋಟು ಒಂದ, ಅದಕ್ಕ ಅರ್ಥ ಕೊಟ್ಟವರು ಯಾರು? ಕೊಟ್ಟವರು ಪ್ರಯೋಗ ಮಾಡಾಂವ್ರು, ತೊಟ್ಟವರಲ್ಲ. ಅಲ್ಲೇ ನನಗ ತಕರಾರು ಐತಿ.

ವಸುಧಾ: ತಡಿ ದೊಡ್ಡವ್ವ, ಒಂದು ಕೇಳಬೇಕು. ಬಂದವರೆಲ್ಲ ಸೀರೆ ಎತ್ತಿಕೊಂಡು ಬಾಗಿಲಿಗೆ ಹೋಗಿ ನೋಡುತ್ತಾರಲ್ಲ, ಯಾಕೆ?

ದೊಡ್ಡವ್ವ: ಬಿಸಲಾಗ ಬಣ್ಣ ನೋಡಾಕ. ಟ್ಯೂಬ್‌ಲೈಟಿನ ಬೆಳಕಿನೊಳಗ ಸೂರ್ಯನ ಬೆಳಕಿನಂಗ ಎಲ್ಲಾ ಬಣ್ಣ ಸಮ ಇರೂದಿಲ್ಲ. ಇಲ್ಲಿ ಒಂದ ಅಂತ ಕಂಡ ಎರಡು ನೇರಳೆ ಹೊರಗ ಹೋದ್ರ ಎರಡು ಆಗತಾವು.

ವಸುಧಾ: ಹಾಗಾದರೆ ಸೀರೆಯ ನಿಜವಾದ ಬಣ್ಣ ಯಾವುದು? ಒಳಗಿನದೋ ಹೊರಗಿನದೋ?

ದೊಡ್ಡವ್ವ: ನ್ಯೂಟನ್ ತನ್ನ 1704ರ ಪುಸ್ತಕದಾಗ ಬೆಳಕಿನ ಕಿರಣಕ್ಕ ಬಣ್ಣಾನ ಇಲ್ಲ ಅಂತಾನ. ನಮ್ಮೊಳಗ ಬಣ್ಣದ ಅನುಭವ ಹುಟ್ಟಿಸೋ ಶಕ್ತಿ ಅಷ್ಟ ಅದಕ್ಕ ಇರೂದು.

ವಸುಧಾ: 1810ರಲ್ಲಿ ಜರ್ಮನ್ ಕವಿ ಗಯಟೆ ಅದಕ್ಕೆ ಎದುರಾಗಿ ದೊಡ್ಡ ಗ್ರಂಥವನ್ನೇ ಬರೆದ. ಹಳದಿ ಮನಸ್ಸನ್ನು ಬೆಚ್ಚಗೆ ಮಾಡುತ್ತದೆ, ನೀಲಿ ತಂಪು ಮಾಡುತ್ತದೆ ಅಂತೆಲ್ಲ ವಾದಿಸಿದ. ಬಣ್ಣ ನೋಡುವವನಲ್ಲೇ ಇರುವುದಾದರೆ, ಕತ್ತಲಲ್ಲಿ ಕಪಾಟಿನೊಳಗಿರುವ ಸೀರೆ ಕೆಂಪಾ ಅಲ್ಲವಾ?

ದೊಡ್ಡವ್ವ: ಈ ಹಾದಿ ಹಿಡಿದ್ರ ಅಂಗಡಿ ಮುಚ್ಚೂ ಹೊತ್ತಾದ್ರೂ ಮುಗಿಯೂದಿಲ್ಲ. ಕಪಾಟಿನಾಗಿನ ಸೀರಿ ಬಿಡು. ಉಟ್ಟ ಸೀರಿ ಬಗ್ಗೆ ಮಾತಾಡೋಣು.

ವಸುಧಾ: ಸರಿ. ಬಣ್ಣಕ್ಕೆ ಸ್ವಂತ ಶಕ್ತಿ ಇಲ್ಲ ಅಂತೀಯ. ಆದರೂ ಬಣ್ಣದ ಸೀರೆ ಉಟ್ಟರೆ ಮನಸ್ಸು ಏಳುತ್ತದೆ ಅಂತೀಯ. ಎರಡೂ ಹೇಗೆ ಕೂಡುತ್ತವೆ?

ದೊಡ್ಡವ್ವ: ಕೆಂಪು ಬಣ್ಣಾನ ತಗೊ. ಮದುಮಗಳಿಗೆ ಕೆಂಪು. ನಮ್ಮ ಇಳಕಲ್ ಸೀರಿಯ ಸೆರಗು ಕೆಂಪು. ಇದಾ ಕೆಂಪನ್ನ ಹಿಂದ ಬ್ರಾಹ್ಮಣರ ಮನಿಯೊಳಗ ತಲಿ ಬೋಳಿಸಿ ಮೂಲ್ಯಾಗ ಕೂಡಿಸಿದ ಹೆಣ್ಣಮಕ್ಕಳಿಗೆ ಉಡಸತಿದ್ರು. ಮಡಿಯ ಕೆಂಪು ಸೀರಿ, ಸಾಯೂತನಕ ಅದೊಂದ. ಕುಪ್ಪಸ ಇಲ್ಲ, ಕುಂಕುಮ ಇಲ್ಲ, ಬಳಿ ಇಲ್ಲ. ಎಂ.ಕೆ. ಇಂದಿರಾ 1976ರಾಗ 'ಫಣಿಯಮ್ಮ' ಬರದ್ರು, 1983ರಾಗ ಪ್ರೇಮಾ ಕಾರಂತರು ಅದನ್ನ ಸಿನೆಮಾ ಮಾಡಿದ್ರು. ಅಂಥಾ ಬಾಲವಿಧವಿಯ ಕಥಿ. ಈಗ ನೀನ ಹೇಳು. ಕೆಂಪಿಗೆ ಮನಸ್ಸು ಅರಳಸೋ ಶಕ್ತಿ ತಂತಾನ ಇದ್ದಿದ್ರ, ಆ ಹೆಣ್ಣಮಕ್ಕಳ ಬಾಳು ಅರಳಬೇಕಿತ್ತು. ಅರಳಲಿಲ್ಲ. ಒಂದ ಬಣ್ಣ, ಎದುರುಬದುರು ಮನಿಯೊಳಗ ಒಬ್ಬಾಕಿಗೆ ಹಬ್ಬ, ಒಬ್ಬಾಕಿಗೆ ಶಿಕ್ಷಾ. ವ್ಯತ್ಯಾಸ ಬಣ್ಣದಾಗಿಲ್ಲ. ಅದನ್ನ ಆರಿಸಿದವರು ಯಾರು ಅನ್ನೂದರಾಗ ಐತಿ.

ವಸುಧಾ: ಮದುಮಗಳೂ ತಾನೇ ಆರಿಸಿರುವುದಿಲ್ಲವಲ್ಲ?

ದೊಡ್ಡವ್ವ: ಎಷ್ಟೋ ಮದುವಿಯೊಳಗ ಆರಿಸಿರೂದಿಲ್ಲ. ಅಂಥಾ ಮದುವಿಯೊಳಗ ಆಕಿ ಮುಖಾ ನೋಡು, ಉತ್ತರ ಸಿಗತೈತಿ. ಅದಕ್ಕ ಅಂಗಡಿಗೆ ಹುಡುಗಿ ಬರಲಾರದ ಮದುವಿ ಜವಳಿಯ ಬಸ್ತಾ ಕಟ್ಟಾಕ ಬಂದವರಿಗೆ, ಹುಡುಗಿನ್ನ ಕರಕೊಂಡು ಬರ್ರಿ ಅಂತ ಹೇಳತೀನಿ.

ವಸುಧಾ: ನವರಾತ್ರಿಯಲ್ಲಿ ನಮ್ಮ ಕಡೆ ಒಂಬತ್ತು ದಿನ ಒಂಬತ್ತು ಬಣ್ಣ ಅಂತ ಪಟ್ಟಿ ಬರುತ್ತದೆ. ಎಲ್ಲರೂ ಖುಷಿಯಿಂದ ಉಡುತ್ತಾರೆ. ಅದು ಹೇರಿಕೆಯಾ, ಆಯ್ಕೆಯಾ?

ದೊಡ್ಡವ್ವ: ಉಡಲಾರದಾಕಿಗೆ ಯಾಕ ಉಟ್ಟಿಲ್ಲ ಅಂತ ಯಾರೂ ಕೇಳದಿದ್ರ ಆಟ. ಕೇಳಿದ್ರ ಹೇರಿಕಿ.

ವಸುಧಾ: ನನಗೆ ಇನ್ನೂ ಒಂದು ಅನುಮಾನ. ಮನಸ್ಸಿನಲ್ಲಿ ದುಃಖ ಇಟ್ಟುಕೊಂಡು ಮೇಲೆ ಗಿಣಿಹಸಿರು ಉಟ್ಟರೆ ಅದು ತನಗೆ ತಾನೇ ಮೋಸ ಮಾಡಿಕೊಂಡ ಹಾಗಲ್ಲವಾ? ದುಃಖ ಇದ್ದಾಗ ದುಃಖದ ಹಾಗೇ ಇರುವುದು ಪ್ರಾಮಾಣಿಕ. ರಾಣಿ ವಿಕ್ಟೋರಿಯಾ 1861ರಲ್ಲಿ ಗಂಡ ಸತ್ತ ಮೇಲೆ 1901ರಲ್ಲಿ ತಾನು ಸಾಯುವವರೆಗೂ ಕಪ್ಪು ಬಿಡಲಿಲ್ಲ. ಯಾರೂ ಆಕೆಗೆ ಅಪ್ಪಣೆ ಕೊಟ್ಟಿರಲಿಲ್ಲ.

ದೊಡ್ಡವ್ವ: ಆಕಿ ಆರಿಸಿದ್ಲು, ಉಟ್ಟಳು. ಅದರಾಗ ತಪ್ಪೇನಿಲ್ಲ. ಕಪ್ಪು ಬೇಕು ಅಂದಾಕಿಗೆ ಕಪ್ಪು ಇರಲಿ. ಆದ್ರ ಆ ಕಾಲದ ಇಂಗ್ಲೆಂಡಿನಾಗ ಸಾಮಾನ್ಯ ಹೆಣ್ಣಮಕ್ಕಳೂ ವರ್ಷಗಟ್ಟಲೆ ಕಪ್ಪು ಉಡಬೇಕು ಅಂತ ರೂಢಿ ಇತ್ತಲ್ಲ, ಅವರನ್ನ ಯಾರರ ಕೇಳಿದ್ರೇನು? ಮೋಸದ ಮಾತು ಅಂದಿ. ನನ್ನ ಕಥಿ ಹೇಳತೀನಿ, ಕೇಳು. ನಿಮ್ಮ ದೊಡ್ಡಪ್ಪ ಹೋದಾಗ ಬಳಗದವರು ಮಾಸಲು ಬಣ್ಣದ ಸೀರಿ ತಂದ್ರು. ಉಟ್ಟೆ. ಉಟ್ಕೊಂಡು ಸಾಲಿಗೆ ಹೋದೆ. ಯಾರೂ ನನ್ನ ಕೂಡ ಮಾತಾಡಲಿಲ್ಲ ವಸೂ, ಎಲ್ಲಾರೂ ನನ್ನ ದುಃಖದ ಕೂಡ ಮಾತಾಡಿದ್ರು. ಮಕ್ಕಳು ಸುದ್ದಾ ದನಿ ಇಳಿಸಿ ಪ್ರಶ್ನಿ ಕೇಳತಿದ್ವು. ದಿನಾ ಅದನ್ನ ಉಟ್ಟು ಉಟ್ಟು, ನಾನು ಅಳಾಕಂತ ಇದ್ದೀನಿ ಅಂತ ನನಗೂ ಅನಸಾಕ ಹತ್ತಿತು. ಆಮ್ಯಾಲೆ ಒಂದು ದಿನಾ ಕಪಾಟು ತಗದು ದಾಳಿಂಬರಿ ಬಣ್ಣದ ಸೀರಿ ಉಟ್ಟೆ. ಅದು ಅವರಿಗೆ ಭಾಳ ಸೇರಿದ ಬಣ್ಣ. ಅಳು ನಿಲ್ಲಲಿಲ್ಲ. ಮನಿಗೆ ಬಂದು ಅತ್ತೆ. ಆದ್ರ ಆ ಅಳು ನಂದಾಗಿತ್ತು, ಮಂದಿಗೆ ತೋರಸಾಕ ಅಲ್ಲ. ಸಾಲ್ಯಾಗ ಬೋರ್ಡಿನ ಮ್ಯಾಲೆ ಕೈ ಎತ್ತಿದಾಗೆಲ್ಲಾ ಸೆರಗಿನ ಕೆಂಪು ಕಣ್ಣಿಗೆ ಬೀಳತಿತ್ತು. ಮಕ್ಕಳು ಮತ್ತ ಗದ್ದಲ ಹಾಕಾಕ ಹತ್ತಿದ್ವು. ಸೀರಿ ಉಟ್ಟಾಕಿಗೆ ಅದು ಎರಡು ದಾರಿಯಿಂದ ಮುಟ್ಟತೈತಿ. ಒಂದು, ದಿನಾ ಪೂರ್ತಿ ನಿರಿಗಿ, ದಡಿ, ಸೆರಗು ಆಕಿ ಕಣ್ಣ ಮುಂದ ಇರತಾವು. ಎರಡು, ಮಂದಿ ಆಕಿ ಕೂಡ ಹೆಂಗ ನಡಕೋತಾರ ಅನ್ನೂದು ಬದಲಾಗತೈತಿ. ಮೋಸ ಎಲ್ಲಿ ಬಂತು? ದುಃಖ ಮುಚ್ಚಿಡಾಕ ನಾನು ಬಣ್ಣ ಉಡಲಿಲ್ಲ. ದುಃಖದ ಜತಿಗೆ ನಾನೂ ಇದ್ದೀನಿ ಅಂತ ಉಟ್ಟೆ.

ವಸುಧಾ: ಬಳಗದವರು ಏನಂದರು?

ದೊಡ್ಡವ್ವ: ಅಂದ್ರು. ಅನ್ನಲಿ.

ವಸುಧಾ: ನೀನು ಹೇಳುವುದು ನನಗೆ ಒಪ್ಪಿಗೆ. ಮೋಸ ಅನ್ನುವ ಮಾತು ವಾಪಸ್ ತೆಗೆದುಕೊಂಡೆ. ಆದರೆ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಖಿನ್ನತೆ ಕಾಯಿಲೆ. ಅದು ಬಂದವರಿಗೆ ಹಾಸಿಗೆ ಬಿಟ್ಟು ಏಳುವುದೇ ಕಷ್ಟ, ಸೀರೆ ಆರಿಸುವುದು ದೂರದ ಮಾತು. ಅವರಿಗೆ 'ಚೆಂದ ಮಾಡಿಕೊಂಡು ಹೊರಗೆ ಬಾ, ಸರಿಹೋಗುತ್ತೆ' ಅಂದರೆ, ಸರಿಹೋಗದೇ ಇದ್ದದ್ದೂ ಅವರದೇ ತಪ್ಪು ಅಂದ ಹಾಗಾಗುತ್ತದೆ.

ದೊಡ್ಡವ್ವ: ಅದರಾಗ ಎರಡು ಮಾತಿಲ್ಲ. ವಾರಗಟ್ಟಲೆ ನಿದ್ದಿ ಊಟ ಬಿಟ್ಟಾಕಿಗೆ ಡಾಕ್ಟರು ಬೇಕು, ಸೀರಿ ಅಂಗಡಿ ಅಲ್ಲ.

ವಸುಧಾ: 14416, ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ. 2022ರಿಂದ ಇದೆ, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಅಂಗಡಿಯಲ್ಲಿ ಬರೆದು ಹಾಕು.

ದೊಡ್ಡವ್ವ: ಹಾಕತೀನಿ. ನಾನು ಹೇಳಾಕ ಹತ್ತಿದ್ದು ದಿನದಿನದ ಬ್ಯಾಸರದ ಮಾತು, ಮತ್ತ ಮಂದಿ ಮ್ಯಾಲೆ ಹೊರಿಸಿದ ಬ್ಯಾಸರದ ಮಾತು. ಈ ಎರಡನೇದು ನನಗ ಭಾಳ ಕಾಡತೈತಿ. ಅಂಗಡಿಗೆ ಬರೋ ಹೆಣ್ಣಮಕ್ಕಳು ವಯಸ್ಸು ಏರಿದಂಗ ಬಣ್ಣ ಇಳಸತಾರ. ಕೈ ಗಿಣಿಹಸಿರಿನ ಮ್ಯಾಲೆ ಇರತೈತಿ, ಬಾಯಿ 'ಈ ವಯಸ್ಸಿನಾಗ ಇದ್ಯಾಕವಾ' ಅಂತೈತಿ. ಮಗಳು ಪಕ್ಕದಾಗ ಕುಂತು, 'ಅವ್ವಗ ತಿಳಿ ಬಣ್ಣ ತೋರಸ್ರಿ' ಅಂತಾಳ. ಅವ್ವನ್ನ ಕೇಳಿಲ್ಲ. ಗಂಡ ಸತ್ತಾಕಿ ಬಂದ್ರಂತೂ ಆಕಿ ಬೆರಳು ಬಣ್ಣದ ಸಾಲಿನ ಕಡೆ ಹೋಗೂದಾ ಇಲ್ಲ. ಬಣ್ಣ ತಡೆಯಾವರು ಎಲ್ಲಾರೂ ಪ್ರೀತಿ ಮಾಡಾವರ, ಹೊರಗಿನವರಲ್ಲ.

ವಸುಧಾ: 2013ರಲ್ಲಿ ವೃಂದಾವನದ ವಿಧವೆಯರು ಸುಲಭ್ ಸಂಸ್ಥೆಯ ನೆರವಿನಿಂದ ಹೋಳಿ ಆಡಿದರು. ಬಿಳಿ ಸೀರೆಯ ಮೇಲೆಲ್ಲ ಗುಲಾಲು.

ದೊಡ್ಡವ್ವ: ಒಳ್ಳೇದು ಮಾಡಿದ್ರು. ಆದ್ರ ಒಂದು ದಿನದ ಗುಲಾಲು ತೊಳದು ಹೋಗತೈತಿ, ಮರುದಿನ ಸೀರಿ ಮತ್ತ ಬಿಳೀದು. ಸೀರಿನ ಬದಲಾಗಬೇಕು. ಈ ನೆಲದಾಗ ಅದಕ್ಕ ದಾರಿನೂ ಇತ್ತು. ಎಷ್ಟೋ ಸಮಾಜದಾಗ ಗಂಡ ಸತ್ತಾಕಿ ಮತ್ತ ಉಡಿಕಿ ಆಗತಿದ್ಲು. ಗಂಡು ಹೊಸಾ ಸೀರಿ ಕೊಟ್ಟ, ಹೆಣ್ಣು ಉಟ್ಟಳು, ಸಂಸಾರ ಸುರು. ಹೊಸಾ ಸೀರಿ ಉಡೂದಂದ್ರ ಬದುಕಿಗೆ ಹೂಂ ಅನ್ನೂದು ಅಂತ ಓದು ಬರಾ ಬರಲಾರದ ನಮ್ಮ ಮಂದಿಗೆ ಗೊತ್ತಿತ್ತು.

ವಸುಧಾ: ಹಾಗಂತ ರೂಢಿಯನ್ನೆಲ್ಲ ಬಿಟ್ಟು ಅವರವರ ಇಷ್ಟ ಅಂದುಬಿಟ್ಟರೆ, ಇಳಕಲ್ ಸೀರೆಯೇ ಉಳಿಯುವುದಿಲ್ಲವಲ್ಲ ದೊಡ್ಡವ್ವ?

ದೊಡ್ಡವ್ವ: ಇಲ್ಲೇ ಹಾಸೇನಿ ನೋಡು. ಇದರ ಸೆರಗು ಕೆಂಪು, ಅದರ ಮ್ಯಾಲೆ ಬಿಳೀ ತೋಪ ತೆನಿ ಚಿತ್ತಾರ. ಅದು ರೂಢಿ, ನೇಕಾರರು ಅದನ್ನ ಬಿಟ್ಟುಕೊಟ್ಟಿಲ್ಲ. ಮೈ ಬಣ್ಣ ಮಾತ್ರ ಉಡಾಕಿ ಇಚ್ಛಾ. ಹಸಿರು ಬೇಕು ಹಸಿರು, ನೀಲಿ ಬೇಕು ನೀಲಿ, ಚಂದ್ರಕಾಳಿ ಬೇಕು ಅದೂ ಐತಿ. ಮೈಯ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ, ಎರಡನ್ನೂ ಒಂದೊಂದ ಎಳಿ ಕೊಂಡಿ ಹಾಕಿ ಕೂಡಸತಾರ. ರೂಢಿ ಮತ್ತ ಇಚ್ಛಾ ಹಿಂಗ ಕೂಡಿ ಬಾಳಬೇಕು. ಸೆರಗು ಹಿರಿಯರದಿರಲಿ, ಮೈ ತುಂಬ ಬಣ್ಣ ಉಟ್ಟಾಕಿದಿರಲಿ. ಎರಡೂ ನಮ್ಮವ ಅಂತ ಹಿರಿಯರು ಹಟ ಹಿಡಿದಲ್ಲಿ ಹೆಣ್ಣಮಕ್ಕಳ ಮನಸ್ಸು ಬಾಡೇತಿ.

ವಸುಧಾ: ಹಾಗಾದರೆ ನನ್ನ ವಿದ್ಯಾರ್ಥಿಗಳಿಗೆ ಏನು ಹೇಳಲಿ? ಬಣ್ಣದ ಬಟ್ಟೆ ಮನಸ್ಸನ್ನು ಎತ್ತುತ್ತದಾ ಇಲ್ಲವಾ?

ದೊಡ್ಡವ್ವ: ತಾನ ಆರಿಸಿದ ಬಣ್ಣ ಎತ್ತತೈತಿ ಅಂತ ಹೇಳು. ಮುಂಜಾನೆ ಕಪಾಟಿನ ಮುಂದ ನಿಂತು 'ಇವತ್ತ ನನಗ ಇದು ಬೇಕು' ಅನ್ನೂದೈತಲ್ಲ, ಸೋತ ಮನಸ್ಸು ಮತ್ತ ಬೇಕು ಅನ್ನೂದನ್ನ ಅಲ್ಲಿಂದ ಕಲೀತೈತಿ. ಮತ್ತ ಆ ಹುಡುಗರಿಗೆ ಇನ್ನೊಂದು ಮಾತು ಹೇಳು. ಮನಿಯೊಳಗ ಗಂಡನ್ನ ಕಳಕೊಂಡ ತಾಯಿ ಇದ್ರ, ಅಜ್ಜಿ ಇದ್ರ, ಈ ಸಲದ ಹಬ್ಬಕ್ಕ ಆಕಿನ್ನ ಅಂಗಡಿಗೆ ಕರಕೊಂಡು ಹೋಗ್ರಿ. ಎಲ್ಲಾ ಬಣ್ಣ ಬಿಚ್ಚಿಸಿ ಆಕಿ ಮುಂದ ಹಾಸಸ್ರಿ. ನೀವು ಸುಮ್ಮನ ಕುಂದರ್ರಿ, ಆಕಿನ ಆರಿಸಲಿ.